ಮಧುಮೇಹವೂ ಹೃದಯಧಮನೀರೋಗವೂ

ಮಧುಮೇಹ, ಹೃದ್ರೋಗ ಇವೆರಡೂ ನಮ್ಮ ಪ್ರಾಚೀನ ವೈದ್ಯಗ್ರಂಥಗಳಿಗೆ ಅಪರಿಚಿತವಾದ ವ್ಯಾಧಿಗಳಲ್ಲ. ಚರಕಸಂಹಿತೆಯ ಸೂತ್ರಸ್ಥಾನದ ಹದಿನೇಳನೆಯದಾದ ಕಿಯಂತಃಶಿರಸೀಯಾಧ್ಯಾಯದಲ್ಲಿ ಐದು ಬಗೆಯ ಹೃದ್ರೋಗಗಳನ್ನು ಹೇಳಿ, ಮುಂದೆ ಅದೇ ಅಧ್ಯಾಯದಲ್ಲಿ ಮಧುಮೇಹದ ಉತ್ಪತ್ತಿಯನ್ನೂ ಅದರ ಉಪೇಕ್ಷೆಯಿಂದ ಹುಟ್ಟುವ ಏಳು ಪಿಡಕೆಗಳನ್ನೂ ವಿವರಿಸಿದೆ. ಇದನ್ನು ಕಂಡು, ಒಂದು ವ್ಯಾಧಿಯು ಮತ್ತೊಂದಕ್ಕೆ ಕಾರಣವೆಂಬುದು ಚರಕನಿಗೆ ವಿದಿತವಾಗಿತ್ತೆಂದು ಸಾಧಿಸಹೊರಡುವುದು ಸುಲಭ; ಆದರೆ ಅದು ಗ್ರಂಥಕ್ಕೆ ಸಲ್ಲಿಸುವ ನ್ಯಾಯವಲ್ಲ. ಶಿರೋರೋಗಗಳೆಷ್ಟು, ಹೃದ್ರೋಗಗಳೆಷ್ಟು, ಕ್ಷಯಗಳೆಷ್ಟು, ಪಿಡಕೆಗಳೆಷ್ಟು ಎಂಬ ಅಗ್ನಿವೇಶನ ಪ್ರಶ್ನೆಗೆ ಉತ್ತರವಾಗಿ ಬಂದ ಪ್ರಕರಣವದು. ಪಾಠದಲ್ಲಿ ಹತ್ತಿರವಿದ್ದ ಮಾತ್ರಕ್ಕೆ ಕಾರ್ಯಕಾರಣಭಾವವು ಸಿದ್ಧವಾಗದು. ಆ ಸಂಬಂಧವು ನಿಶ್ಚಿತವಾದುದು ಇಪ್ಪತ್ತನೆಯ ಶತಮಾನದ ಪರಿಶೋಧನೆಗಳಿಂದಲೇ.

ಮಧುಮೇಹಿಗೆ ಬರುವ ಹೃದ್ರೋಗವು ಇತರರಿಗೆ ಬರುವ ಹೃದ್ರೋಗವೇ ಆಗಿ, ಅದರ ಮೇಲೆ ಸಕ್ಕರೆಯೊಂದು ಹೆಚ್ಚಾಗಿ ಸೇರಿದೆಯೆಂದು ಸಾಮಾನ್ಯವಾಗಿ ತಿಳಿಯುತ್ತಾರೆ. ಹಾಗಲ್ಲ, ಅದರ ಆಕಾರವೇ ಬೇರೆ, ಅದು ಪ್ರಕಟವಾಗುವ ರೀತಿಯೂ ಬೇರೆ, ಆದುದರಿಂದ ಚಿಕಿತ್ಸೆಯ ನಿರ್ಣಯವೂ ಬೇರೆ ಎಂಬುದನ್ನು ತೋರಿಸುವುದೇ ಪ್ರಕೃತ ಲೇಖನದ ಉದ್ದೇಶ. ಲೇಖಕನು ಶಾಸ್ತ್ರಪಾಠದ ದಾರಿಯಿಂದ ಈ ವಿಷಯಕ್ಕೆ ಬಂದವನೇ ಹೊರತು ಚಿಕಿತ್ಸಕನಲ್ಲ. ಔಷಧದ ಮಾತ್ರೆಯ ಪ್ರಮಾಣವನ್ನು ವಾಚಕರು ಇಲ್ಲಿ ಹುಡುಕಬಾರದು.

ಹೃದಯವು ಸರ್ವಾಂಗಗಳಿಗೂ ರಕ್ತವನ್ನು ಕಳುಹಿಸುತ್ತಿದ್ದರೂ ತನ್ನ ಮಾಂಸಕ್ಕೆ ಬೇಕಾದುದನ್ನು ಮಹಾಧಮನಿಯ ಮೂಲದಲ್ಲಿ ಕವಲೊಡೆಯುವ ಎರಡು ಧಮನಿಗಳಿಂದ ಪಡೆಯಬೇಕು. ಇವು ಹೃದಯವನ್ನು ಕಿರೀಟದಂತೆ ಬಳಸಿಕೊಂಡಿರುವುದರಿಂದ ಪಾಶ್ಚಾತ್ಯರು ಇವನ್ನು ಕರೊನರಿ ಎಂದು ಕರೆದರು. ಈ ಧಮನಿಗಳ ಒಳಪದರವು ಬರಿಯ ಹೊದಿಕೆಯಲ್ಲ. ನೈಟ್ರಿಕ್ ಆಕ್ಸೈಡ್ ಎಂಬ ವಾಯುವನ್ನು ಹುಟ್ಟಿಸಿ ಧಮನಿಯನ್ನು ಸಡಿಲವಾಗಿಡುವುದೂ ರಕ್ತವು ಅಲ್ಲಿಯೇ ಹೆಪ್ಪುಗಟ್ಟದಂತೆ ತಡೆಯುವುದೂ ಅದರ ಕೆಲಸ. ರಕ್ತದಲ್ಲಿ ಸಕ್ಕರೆಯು ಬಹುಕಾಲ ಏರಿದ್ದರೆ ಈ ಶಕ್ತಿ ಕುಗ್ಗುತ್ತದೆ. ಸಕ್ಕರೆಯು ಭಿತ್ತಿಯ ಪ್ರೋಟೀನುಗಳಿಗೆ ಅಂಟಿಕೊಂಡು ಅವನ್ನು ಪೆಡಸುಮಾಡುತ್ತದೆ. ಇನ್ಸುಲಿನ್ನಿನ ಕೆಲಸ ಕೆಟ್ಟಾಗ ಕೊಬ್ಬಿನ ವ್ಯವಸ್ಥೆಯೂ ಕೆಡುವುದರಿಂದ ಟ್ರೈಗ್ಲಿಸರೈಡುಗಳು ಏರಿ, ಹಿತಕರವೆನಿಸಿದ ಎಚ್‌ಡಿಎಲ್ ಇಳಿದು, ಎಲ್‌ಡಿಎಲ್ ಕಣಗಳು ಸಣ್ಣವೂ ಸಾಂದ್ರವೂ ಆಗಿ ಭಿತ್ತಿಯೊಳಕ್ಕೆ ಸುಲಭವಾಗಿ ನುಸುಳುತ್ತವೆ. ಪ್ರಮೇಹದಲ್ಲಿ ಕೆಡುವ ಧಾತುಗಳೊಳಗೆ ಪ್ರಾಚೀನರು ಮೇದಸ್ಸನ್ನು ಎಣಿಸಿರುವುದು ಇಲ್ಲಿ ಸ್ಮರಣೀಯವೇ. ಅವರ ಮೇದಸ್ಸೂ ಇಂದಿನವರ ಕೊಲೆಸ್ಟರಾಲೂ ಒಂದೇ ಎಂದರೆ ಮಾತ್ರ ಅದು ಸಾಹಸವಾದೀತು.

ಇದರ ಫಲವೇನೆಂದರೆ, ಇತರರಲ್ಲಿ ಅನೇಕವೇಳೆ ಧಮನಿಯ ಒಂದೆರಡು ಎಡೆಗಳಲ್ಲಿ ಮಾತ್ರ ಅಡಚಣೆಯಿರುವಂತೆ ಮಧುಮೇಹಿಯಲ್ಲಿ ಇರುವುದು ಅಪರೂಪ. ಅವನಲ್ಲಿ ಹಲವು ಧಮನಿಗಳು ಏಕಕಾಲದಲ್ಲಿ, ಉದ್ದಕ್ಕೂ, ಕಿರುಗವಲುಗಳವರೆಗೂ ಕಿರಿದಾಗುತ್ತವೆ. ಕಾಲುವೆಗೆ ಬಂಡೆಯೊಂದು ಉರುಳಿಬಿದ್ದುದಕ್ಕೂ ಕಾಲುವೆಯುದ್ದಕ್ಕೂ ಹೂಳು ತುಂಬಿದುದಕ್ಕೂ ಎಷ್ಟು ಭೇದವೋ ಇಲ್ಲಿಯೂ ಅಷ್ಟೇ.

ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಎಂಬ ಊರಿನಲ್ಲಿ ೧೯೪೮ರಲ್ಲಿ ೫,೨೦೯ ಜನರನ್ನು ಆರಿಸಿಕೊಂಡು ಆರಂಭಿಸಿದ ದೀರ್ಘಪರಿಶೀಲನೆಯಿಂದ, ಮಧುಮೇಹಿಗಳಲ್ಲಿ ಧಮನೀರೋಗವು ಎರಡು ಮೂರು ಪಾಲು ಹೆಚ್ಚೆಂದು ೧೯೭೯ರಲ್ಲಿ ಪ್ರಕಟವಾಯಿತು. ಸ್ತ್ರೀಯರಿಗೆ ಸಾಮಾನ್ಯವಾಗಿ ಇರುವ ರಕ್ಷಣೆಯನ್ನು ಮಧುಮೇಹವು ಬಹುಮಟ್ಟಿಗೆ ಕಳೆದುಬಿಡುತ್ತದೆಂಬುದೂ ತಿಳಿಯಿತು. ಫಿನ್ಲೆಂಡಿನಿಂದ ೧೯೯೮ರಲ್ಲಿ ಬಂದ ಲೆಕ್ಕವು ಇನ್ನೂ ಗಾಬರಿಗೊಳಿಸುವಂತಹದು. ಹಿಂದೆ ಹೃದಯಾಘಾತವಾಗದಿದ್ದ ಮಧುಮೇಹಿಗಳಲ್ಲಿ ಏಳು ವರ್ಷಗಳೊಳಗೆ ನೂರಕ್ಕೆ ೨೦.೨ ಮಂದಿಗೂ, ಮಧುಮೇಹವಿಲ್ಲದೆ ಹಿಂದೊಮ್ಮೆ ಆಘಾತವಾಗಿದ್ದವರಲ್ಲಿ ನೂರಕ್ಕೆ ೧೮.೮ ಮಂದಿಗೂ ಆಘಾತವಾಯಿತು. ಈ ಸಮತೆಯು ಎಲ್ಲ ಮಧುಮೇಹಿಗಳಿಗೂ ಅನ್ವಯಿಸದೆಂದೂ, ರೋಗವು ಹಿಡಿದು ಎಷ್ಟು ಕಾಲವಾಯಿತೆಂಬುದನ್ನು ಅವಲಂಬಿಸಿದೆಯೆಂದೂ ಆಮೇಲಿನ ಪರಿಶೋಧಕರು ತಿದ್ದಿದ್ದಾರೆ. ನಮ್ಮ ದೇಶದಲ್ಲಿ ಸುಮಾರು ೧೦ ಕೋಟಿ ಮಂದಿ ಮಧುಮೇಹಿಗಳಿರುವರೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ಆಶ್ರಯದಲ್ಲಿ ನಡೆದ, ೨೦೨೩ರಲ್ಲಿ ಪ್ರಕಟವಾದ ಗಣನೆಯು ಹೇಳುತ್ತದೆ. ಆದುದರಿಂದ ಇದು ಯಾರದೋ ಮನೆಯ ಮಾತಲ್ಲ.

ಇನ್ನು ಈ ವ್ಯಾಧಿಯ ಮೌನವನ್ನು ಕುರಿತು ಕೊಂಚ ವಿಸ್ತಾರವಾಗಿ ಹೇಳಬೇಕಾಗಿದೆ. ಹೃದ್ರೋಗವೆಂದರೆ ಎದೆಯಲ್ಲಿ ಶೂಲೆಯೆಂಬುದು ಲೋಕರೂಢಿ. ಆ ನೋವೇ ರೋಗಿಯನ್ನು ವೈದ್ಯನ ಬಾಗಿಲಿಗೆ ಅಟ್ಟುವುದು. ಆ ಅರ್ಥದಲ್ಲಿ ಅದು ಶತ್ರುವಲ್ಲ, ದೂತ. ಮಧುಮೇಹವು ಕಾಲಿನ ನರಗಳನ್ನು ಕೆಡಿಸಿ ಮುಳ್ಳು ಚುಚ್ಚಿದರೂ ತಿಳಿಯದಂತೆ ಮಾಡುವುದನ್ನು ಎಲ್ಲರೂ ಬಲ್ಲರು. ಹೃದಯಕ್ಕೆ ಹೋಗುವ ನರಗಳಿಗೂ ಅದೇ ಗತಿಯಾಗಬಹುದು. ಆಗ ಹೃದಯದ ಮಾಂಸವು ರಕ್ತವಿಲ್ಲದೆ ಸಾಯುತ್ತಿದ್ದರೂ ನೋವು ಕಾಣಿಸದೆ, ಬರಿಯ ಏದುಸಿರು, ತಣ್ಣನೆಯ ಬೆವರು, ಕಾರಣವಿಲ್ಲದ ಆಯಾಸ, ವಾಕರಿಕೆ ಇಷ್ಟೇ ತೋರಬಹುದು. ಮನೆಯವರು ಅಜೀರ್ಣವೆಂದು ಜೀರಿಗೆಯ ಕಷಾಯ ಕೊಟ್ಟು ಮಲಗಿಸುತ್ತಾರೆ. ಕಳೆದುಹೋಗುವುದು ಚಿಕಿತ್ಸೆಯ ಅಮೂಲ್ಯವಾದ ಮೊದಲ ಗಂಟೆಗಳು. ಬಹುಕಾಲದ ಮಧುಮೇಹಿಗೆ ಹಠಾತ್ತಾಗಿ ಇಂತಹ ಚಿಹ್ನೆಗಳು ಬಂದರೆ ಎದೆನೋವನ್ನು ಕಾಯದೆ ಆಸ್ಪತ್ರೆಗೆ ಒಯ್ದು ಇಸಿಜಿ ತೆಗೆಸತಕ್ಕದ್ದು. ಧಮನಿಯು ಪೂರ್ತಿ ಮುಚ್ಚಿಹೋದ ಆ ವೇಳೆಯಲ್ಲಿ ಮಧುಮೇಹಿ, ಇತರ ಎಂಬ ಭೇದವಿಲ್ಲ; ಅದನ್ನು ಕೂಡಲೇ ತೆರೆಯಿಸುವುದೊಂದೇ ಕರ್ತವ್ಯ.

ಭೇದವು ಬರುವುದು ನಿಧಾನವಾಗಿ ಯೋಚಿಸಿ ನಿರ್ಣಯಿಸಲು ಅವಕಾಶವಿರುವಾಗ. ಕಿರಿದಾದ ಧಮನಿಗೆ ಎರಡು ಉಪಾಯಗಳುಂಟು. ೧೯೭೭ರಲ್ಲಿ ಜ್ಯೂರಿಕ್ ನಗರದಲ್ಲಿ ಆಂಡ್ರಿಯಾಸ್ ಗ್ರುಂಟ್ಸಿಗ್ ಎಂಬ ವೈದ್ಯನು ಆರಂಭಿಸಿದಂತೆ ಬಲೂನಿನಿಂದ ಧಮನಿಯನ್ನು ಒಳಗಿನಿಂದಲೇ ಅಗಲಿಸುವುದು ಒಂದು. ಈಗ ಅಲ್ಲಿ ಸ್ಟೆಂಟ್ ಎಂಬ ಲೋಹದ ಜಾಲರಿಯನ್ನೂ ಇಡುತ್ತಾರೆ. ಎದೆಯನ್ನು ತೆರೆದು, ಅಡಚಣೆಯನ್ನು ದಾಟಿ ಕೆಳಗೆ ಬೇರೆ ರಕ್ತನಾಳವನ್ನು ಜೋಡಿಸುವ ಬೈಪಾಸ್ ಶಸ್ತ್ರಕ್ರಿಯೆ ಮತ್ತೊಂದು. ಮೊದಲನೆಯದು ಬಂಡೆಯನ್ನು ಸರಿಸಿದಂತೆ. ಎರಡನೆಯದು ಹೂಳಿನ ಕಾಲುವೆಯನ್ನು ಬಿಟ್ಟು ಹೊಸ ತೋಡು ತೆಗೆದಂತೆ. ಬೇರಿ ಎಂಬ ಪರೀಕ್ಷೆಯಲ್ಲಿ, ಔಷಧ ಸೇವಿಸುತ್ತಿದ್ದ ಮಧುಮೇಹಿಗಳೊಳಗೆ ಐದು ವರ್ಷಗಳಾದ ಮೇಲೆ ಬದುಕಿದ್ದವರು ಬೈಪಾಸಿನವರಲ್ಲಿ ನೂರಕ್ಕೆ ೮೦.೬, ಬಲೂನಿನವರಲ್ಲಿ ೬೫.೫ ಎಂದು ೧೯೯೬ರಲ್ಲಿ ಕಂಡುಬಂತು. ಅದು ಸ್ಟೆಂಟುಗಳು ಬಳಕೆಗೆ ಬರುವ ಮುಂಚಿನ ಮಾತೆಂದು ಆಕ್ಷೇಪಿಸಬಹುದು. ಆದರೆ ಔಷಧಲೇಪಿತ ಸ್ಟೆಂಟುಗಳನ್ನೇ ಬಳಸಿ, ಹಲವು ಧಮನಿಗಳು ಕೆಟ್ಟಿದ್ದ ೧,೯೦೦ ಮಧುಮೇಹಿಗಳ ಮೇಲೆ ನಡೆಸಿದ ಫ್ರೀಡಮ್ ಎಂಬ ಪರೀಕ್ಷೆಯಲ್ಲಿಯೂ (೨೦೧೨) ಐದು ವರ್ಷಗಳಲ್ಲಿ ಮೃತರಾದವರು ಸ್ಟೆಂಟಿನವರಲ್ಲಿ ನೂರಕ್ಕೆ ೧೬.೩, ಬೈಪಾಸಿನವರಲ್ಲಿ ೧೦.೯. ಪಕ್ಷಪಾತವಿಲ್ಲದೆ ಇನ್ನೊಂದನ್ನೂ ಹೇಳಬೇಕು: ಮೆದುಳಿನ ಆಘಾತವು ಬೈಪಾಸಿನವರಲ್ಲಿಯೇ ಹೆಚ್ಚು, ನೂರಕ್ಕೆ ೫.೨, ಸ್ಟೆಂಟಿನವರಲ್ಲಿ ೨.೪. ಎದೆಯೊಳಗಣ ಧಮನಿಯೊಂದನ್ನೇ ತಿರುಗಿಸಿ ಜೋಡಿಸಿದರೆ ಅದು ಬಹುವರ್ಷ ಕೆಡದಿರುವುದೂ, ಜೋಡಣೆಯ ಮೇಲ್ಭಾಗದಲ್ಲಿ ಮುಂದೆ ಹೊಸ ಅಡಚಣೆ ಹುಟ್ಟಿದರೂ ಬಾಧಕವಾಗದಿರುವುದೂ ಬೈಪಾಸಿನ ಮೇಲ್ಮೆಗೆ ಕಾರಣಗಳು. ಒಂದೇ ಧಮನಿಯಲ್ಲಿ ಚಿಕ್ಕ ದೋಷವಿದ್ದರೆ ಈ ವಾದವು ಹೊಂದದು. ಶಸ್ತ್ರಕ್ಕೆ ಅಂಜಿ, ಬೇಗ ಮನೆಗೆ ಹೋಗಬಹುದೆಂಬ ಒಂದೇ ಕಾರಣದಿಂದ ಸ್ಟೆಂಟನ್ನು ಬೇಡುವ ಮಧುಮೇಹಿಗೆ ಈ ಅಂಕಿಗಳನ್ನು ತಿಳಿಸದಿರುವುದು ಸರಿಯಲ್ಲವೆಂದು ನನ್ನ ಅಭಿಪ್ರಾಯ.

ಹಾಗಾದರೆ ಸಕ್ಕರೆಯನ್ನು ಆದಷ್ಟು ಕೆಳಕ್ಕಿಳಿಸಿದರೆ ಹೃದಯವು ರಕ್ಷಿತವಾಗದೇ ಎಂಬ ಪೂರ್ವಪಕ್ಷವು ಸಹಜವಾಗಿಯೇ ಏಳುತ್ತದೆ. ಕಣ್ಣು, ಮೂತ್ರಪಿಂಡ ಇವುಗಳಿಗೆ ಅದರಿಂದ ಸ್ಪಷ್ಟವಾದ ಪ್ರಯೋಜನವಿದೆ. ಹೃದಯದ ವಿಷಯದಲ್ಲಿ ಉತ್ತರವು ಅಷ್ಟು ಸರಳವಲ್ಲ. ೧೦,೨೫೧ ಜನರನ್ನೊಳಗೊಂಡ ಅಕಾರ್ಡ್ ಪರೀಕ್ಷೆಯಲ್ಲಿ ಸಕ್ಕರೆಯನ್ನು ಅತ್ಯಂತ ಬಿಗಿಯಾಗಿ ಇಳಿಸಿದವರ ಗುಂಪಿನಲ್ಲಿ ೨೫೭ ಮಂದಿ, ಸಾಧಾರಣ ಕ್ರಮದವರಲ್ಲಿ ೨೦೩ ಮಂದಿ ಮೃತರಾದುದರಿಂದ ಆ ಬಿಗಿಕ್ರಮವನ್ನು ೨೦೦೮ರಲ್ಲಿ ನಿಲ್ಲಿಸಬೇಕಾಯಿತು. ಅದೇ ವರ್ಷ ಪ್ರಕಟವಾದ ಬ್ರಿಟನ್ನಿನ ಯುಕೆಪಿಡಿಎಸ್ ಪರಿಶೀಲನೆಯ ಉತ್ತರಭಾಗವಾದರೋ, ರೋಗದ ಆರಂಭದಲ್ಲಿಯೇ ಸಕ್ಕರೆಯನ್ನು ಹತೋಟಿಯಲ್ಲಿಟ್ಟವರಿಗೆ ಹತ್ತು ವರ್ಷಗಳ ಮೇಲೆಯೂ ಆಘಾತಗಳು ಕಡಿಮೆಯೆಂದು ತೋರಿಸಿತು. ಹಳೆಯ ರೋಗಿಯಲ್ಲಿ ಅತಿವೇಗ, ಅತಿಬಿಗಿ ಎರಡೂ ಅಪಾಯ. ಹೊಸ ರೋಗಿಯಲ್ಲಿ ಸಡಿಲವೇ ಅಪಾಯ. ರಕ್ತದೊತ್ತಡ, ಧೂಮಪಾನ ಇವುಗಳ ನಿಯಮನವನ್ನು ಎಲ್ಲರೂ ಬಲ್ಲರಾದುದರಿಂದ ವಿಸ್ತರಿಸುವುದಿಲ್ಲ. ಕೊಲೆಸ್ಟರಾಲನ್ನು ಇಳಿಸುವ ಸ್ಟ್ಯಾಟಿನ್ನುಗಳು, ಹೃದ್ರೋಗವಿನ್ನೂ ತೋರದಿದ್ದ ಮಧುಮೇಹಿಗಳಲ್ಲಿಯೂ ಹೃದಯ ಹಾಗೂ ಮೆದುಳಿನ ಆಘಾತಗಳನ್ನು ಮೂರನೆಯ ಒಂದು ಪಾಲಿಗೂ ಮಿಗಿಲಾಗಿ ತಗ್ಗಿಸಿದುದು ೨೦೦೪ರಲ್ಲಿ ಸಿದ್ಧವಾಯಿತು.

ಕೊನೆಯದಾಗಿ, ಶಬ್ದಶಾಸ್ತ್ರವನ್ನು ಓದಿದವರಿಗೆ ಕುತೂಹಲವಾಗುವ ಒಂದು ಸಂಗತಿ. ಮಧುಮೇಹವೆಂಬ ಹೆಸರೇ ಮೂತ್ರದ ಮಾಧುರ್ಯದಿಂದ ಬಂದುದು. ಮೂತ್ರಕ್ಕೆ ಇರುವೆ ಮುತ್ತುವುದನ್ನು ಚರಕನು ಪೂರ್ವರೂಪಗಳಲ್ಲಿ ಎಣಿಸಿದ್ದಾನೆ. ಸೇಬಿನ ಮರದ ತೊಗಟೆಯಿಂದ ೧೮೩೫ರಲ್ಲಿ ತೆಗೆದ ಫ್ಲೋರಿಜಿನ್ ಎಂಬ ದ್ರವ್ಯವು ಸಕ್ಕರೆಯನ್ನು ಮೂತ್ರದಲ್ಲಿ ಹೊರಹರಿಸುವುದೆಂದು ಅದೇ ಶತಮಾನದಲ್ಲಿ ತಿಳಿದಿತ್ತು. ಆ ಜಾಡಿನಲ್ಲಿಯೇ ಹುಟ್ಟಿದ ಎಂಪಾಗ್ಲಿಫ್ಲೋಜಿನ್ ಮುಂತಾದ ಔಷಧಗಳು ರೋಗಚಿಹ್ನೆಯನ್ನೇ ಚಿಕಿತ್ಸೆಯನ್ನಾಗಿ ಮಾಡಿವೆ. ಹೃದ್ರೋಗವುಳ್ಳ ೭,೦೨೦ ಮಧುಮೇಹಿಗಳ ಮೇಲೆ ನಡೆಸಿ ೨೦೧೫ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಹೃದ್ರೋಗ, ಮೆದುಳಿನ ಆಘಾತ ಇವುಗಳಿಂದಾದ ಮರಣವು ನೂರಕ್ಕೆ ೫.೯ರಿಂದ ೩.೭ಕ್ಕೆ ಇಳಿಯಿತು. ಸಕ್ಕರೆಯು ಇಳಿದುದು ಅಲ್ಪವಾದುದರಿಂದ ಈ ಫಲಕ್ಕೆ ಅದೊಂದೇ ಕಾರಣವಾಗಿರಲಾರದು. ಮಧುಮೇಹವಿಲ್ಲದೆ ಹೃದಯವು ದುರ್ಬಲವಾದವರಿಗೂ ಈಗ ಈ ವರ್ಗದ ಔಷಧವನ್ನು ಕೊಡುತ್ತಾರೆ. ಅಂತಹವನ ಮೂತ್ರವು ಸಿಹಿಯಾಗಿದ್ದರೂ ಅವನು ಮಧುಮೇಹಿಯಲ್ಲ. ರಕ್ತದ ಸಕ್ಕರೆಯು ಸುಮಾರು ೧೮೦ ಮಿಲಿಗ್ರಾಮನ್ನು ಮೀರದೆ ಸಾಮಾನ್ಯವಾಗಿ ಮೂತ್ರಕ್ಕೆ ಇಳಿಯದಾದುದರಿಂದ, ಬರಿಹೊಟ್ಟೆಯಲ್ಲಿ ೧೨೬ ಇದ್ದು ಮಧುಮೇಹಿಯೆನಿಸಿದವನ ಮೂತ್ರದಲ್ಲಿ ಮಾಧುರ್ಯವೇ ಇಲ್ಲದಿರಬಹುದು. ಹೀಗಿರಲು ಈ ಔಷಧವನ್ನು ಸೇವಿಸುವವನ ಮೂತ್ರವನ್ನು ನೋಡಿ ರೋಗದ ಏರಿಳಿತವನ್ನು ಅಳೆಯುವುದು ವ್ಯರ್ಥ, ರಕ್ತವನ್ನೇ ಪರೀಕ್ಷಿಸಬೇಕು.