ನಿರ್ವಹಣಾ ಫಲಕ ತೆರೆಯದಿದ್ದಾಗ: ಸಂಪರ್ಕ ದೋಷವನ್ನು ಹುಡುಕುವ ಕ್ರಮ

ಸ್ವಂತ ಸರ್ವರ್‌ನಲ್ಲಿ ನಡೆಯುವ ಜಾಲತಾಣಕ್ಕೆ ಎರಡು ಬಾಗಿಲುಗಳಿರುತ್ತವೆ. ಓದುಗರು ಬರುವುದು ಒಂದರಿಂದ. ಬರಹಗಳನ್ನು ಏರಿಸಿ, ತಿದ್ದಿ, ಪ್ರಕಟಿಸುವವರು ಹೋಗುವುದು ಇನ್ನೊಂದರಿಂದ. ಈ ಎರಡನೆಯದನ್ನು ನಿರ್ವಹಣಾ ಫಲಕ ಅಥವಾ ಡ್ಯಾಶ್‌ಬೋರ್ಡ್ ಎನ್ನುತ್ತೇವೆ. ಓದುಗರಿಗೆ ತಾಣವು ಎಂದಿನಂತೆ ಕಾಣುತ್ತಿದ್ದು, ಫಲಕ ಮಾತ್ರ ತೆರೆಯದಿರುವುದುಂಟು. ಇದರಲ್ಲಿ ವಿಚಿತ್ರವೇನೂ ಇಲ್ಲ. ಓದುಗರಿಗೆ ಹೋಗುವ ಪುಟಗಳನ್ನು ಮೊದಲೇ ಸಿದ್ಧಪಡಿಸಿ ಕ್ಯಾಶ್‌ನಲ್ಲಿ ಇಟ್ಟಿರುತ್ತಾರೆ. ಫಲಕದ ಪ್ರತಿ ಪುಟವನ್ನೂ ಆಯಾ ಕ್ಷಣದಲ್ಲಿ ಡೇಟಾಬೇಸನ್ನು ಕೇಳಿ ಹೊಸದಾಗಿ ಕಟ್ಟಬೇಕು. ಆದ್ದರಿಂದ ಸರ್ವರ್‌ನ ಅನಾರೋಗ್ಯದ ಮೊದಲ ಲಕ್ಷಣ ಕಾಣಿಸಿಕೊಳ್ಳುವುದು ಸಾಮಾನ್ಯವಾಗಿ ಫಲಕದಲ್ಲಿಯೇ.

ಟೊರೊಂಟೊ, ಮಿಸ್ಸಿಸಾಗ, ಬ್ರಾಂಪ್ಟನ್ ಪ್ರದೇಶದಲ್ಲಿ ಕುಳಿತು ಕನ್ನಡದ ಕೆಲಸ ಮಾಡುವ ನನ್ನಂಥವರಿಗೆ ಇದು ಕೇವಲ ತಾಂತ್ರಿಕ ತೊಡಕಲ್ಲ. ಇಂಥ ಅನೇಕ ತಾಣಗಳು ಒಬ್ಬಿಬ್ಬರ ಬಿಡುವಿನ ವೇಳೆಯ ದುಡಿಮೆಯಿಂದ ನಡೆಯುತ್ತವೆ. ಹತ್ತಾರು ವರ್ಷಗಳ ಬರಹಗಳು ಒಂದೇ ಡೇಟಾಬೇಸಿನಲ್ಲಿ ಕುಳಿತಿರುತ್ತವೆ; ಎಷ್ಟೋ ಬರಹಗಳಿಗೆ ಬೇರೆಲ್ಲಿಯೂ ಪ್ರತಿ ಇರುವುದಿಲ್ಲ. ನಾನು ಕಂಡಂತೆ, ಬರಹಗಳು ನಾಶವಾಗುವುದು ಸಂಪರ್ಕ ಕಡಿದುದರಿಂದಲ್ಲ, ಕಡಿದ ಬಳಿಕ ಅವಸರದಲ್ಲಿ ಮಾಡುವ ದುರಸ್ತಿಯಿಂದ. ಯೂನಿಕೋಡಿನ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಒಂದೊಂದು ಸಂಕೇತವೂ 3 ಬೈಟ್‌ಗಳನ್ನು ಬೇಡುತ್ತದೆ. ಗಾಬರಿಯಲ್ಲಿ ಹಳೆಯ ಪ್ರತಿಯೊಂದನ್ನು ತಪ್ಪು ಅಕ್ಷರಸಂಕೇತದಲ್ಲಿ ಮರಳಿ ತುಂಬಿದರೆ ಇಂಗ್ಲಿಷ್ ಅಕ್ಷರಗಳು ಹಾಗೆಯೇ ಉಳಿದು, ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗುತ್ತದೆ. ಹಾಗಾದ ಪಠ್ಯದಿಂದ ಮೂಲವನ್ನು ಹಿಂದಕ್ಕೆ ಪಡೆಯುವ ದಾರಿಯಿಲ್ಲ. ಆದುದರಿಂದ ಮೊದಲು ತಿಳಿಯಬೇಕಾದುದು ದುರಸ್ತಿಯ ವಿಧಾನವಲ್ಲ, ದೋಷ ಎಲ್ಲಿದೆಯೆಂದು ಗುರುತಿಸುವ ಕ್ರಮ.

ಸರಪಣಿಯ ಕೊಂಡಿಗಳು

ಫಲಕದ ವಿಳಾಸವನ್ನು ಬ್ರೌಸರಿನಲ್ಲಿ ಬರೆದು ಕೀಲಿ ಒತ್ತಿದಾಗ ಏಳು ಕೆಲಸಗಳು ಒಂದರ ಹಿಂದೊಂದು ನಡೆಯುತ್ತವೆ. ಮನೆಯ ಮೋಡೆಮ್ ನಮ್ಮನ್ನು ಅಂತರಜಾಲಕ್ಕೆ ಜೋಡಿಸುತ್ತದೆ. ತಾಣದ ಹೆಸರನ್ನು ಡಿಎನ್‌ಎಸ್ ಎಂಬ ವ್ಯವಸ್ಥೆ ಅಂಕಿಗಳ ಐಪಿ ವಿಳಾಸವಾಗಿ ಬದಲಿಸುತ್ತದೆ. ಆ ವಿಳಾಸದ ಯಂತ್ರದವರೆಗೆ ದಾರಿ ದೊರೆಯಬೇಕು. ನಡುವಿನ ಫೈರ್‌ವಾಲ್ ನಮ್ಮನ್ನು ತಡೆಯಬಾರದು. ಯಂತ್ರದಲ್ಲಿ 443ನೆಯ ಪೋರ್ಟ್‌ನಲ್ಲಿ ವೆಬ್ ಸರ್ವರ್ ಎಚ್ಚರವಾಗಿದ್ದು, ತನ್ನ ಗುರುತಿನ ಪ್ರಮಾಣಪತ್ರವನ್ನು ತೋರಿಸಬೇಕು. ಅದರ ಹಿಂದೆ ಪಿಎಚ್‌ಪಿಯಂಥ ಭಾಷೆಯಲ್ಲಿ ಬರೆದ ತಂತ್ರಾಂಶ ಓಡಬೇಕು. ಕೊನೆಯದಾಗಿ ಆ ತಂತ್ರಾಂಶಕ್ಕೆ ಡೇಟಾಬೇಸ್ ಉತ್ತರಿಸಬೇಕು. ಏಳರಲ್ಲಿ ಯಾವುದು ಕಡಿದರೂ ನಮಗೆ ಕಾಣುವುದು ಒಂದೇ: ಫಲಕ ತೆರೆಯಲಿಲ್ಲ. ಆದರೆ ಪರದೆಯ ಮೇಲೆ ಮೂಡುವ ಮಾತು ಬೇರೆ ಬೇರೆ. ಬಹಳ ಮಂದಿ ಓದದೆ ಬಿಡುವ ಆ ಒಂದು ಸಾಲಿನಲ್ಲಿಯೇ ಅರ್ಧ ಉತ್ತರವಿರುತ್ತದೆ.

ಸರ್ವರ್ ಸಿಗಲಿಲ್ಲ, ಹೆಸರು ಪತ್ತೆಯಾಗಲಿಲ್ಲ ಎಂದು ಬ್ರೌಸರ್ ಹೇಳಿದರೆ ದೋಷ ಡಿಎನ್‌ಎಸ್‌ನಲ್ಲಿದೆ. ಹೆಸರಿನ ನೋಂದಣಿಯ ಅವಧಿ ಮುಗಿದಿರುವುದು ಇದಕ್ಕೆ ಸಾಮಾನ್ಯ ಕಾರಣ. 'ಕನೆಕ್ಷನ್ ರಿಫ್ಯೂಸ್ಡ್' ಎಂಬುದು ಸಾಮಾನ್ಯವಾಗಿ ಒಂದು ರೀತಿಯ ಶುಭವಾರ್ತೆ. ಯಂತ್ರದವರೆಗೆ ತಲುಪಿದ್ದೇವೆ, ಆದರೆ ಬಾಗಿಲಲ್ಲಿ ಓಗೊಡುವವರಿಲ್ಲ, ಅಂದರೆ ವೆಬ್ ಸರ್ವರ್ ನಿಂತಿದೆ. 'ಟೈಮ್ಡ್ ಔಟ್' ಎಂದರೆ ಉತ್ತರವೇ ಬರಲಿಲ್ಲ. ದಾರಿ ಕಡಿದಿರಬಹುದು, ಇಲ್ಲವೇ ಫೈರ್‌ವಾಲ್ ನಮ್ಮ ಕರೆಯನ್ನು ಸದ್ದಿಲ್ಲದೆ ಎಸೆಯುತ್ತಿರಬಹುದು. ಪ್ರಮಾಣಪತ್ರದ ಎಚ್ಚರಿಕೆ ಬಂದರೆ ಅದರ ಅವಧಿಯನ್ನು ನೋಡಬೇಕು. ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆ ಉಚಿತವಾಗಿ ಕೊಡುತ್ತ ಬಂದಿರುವ ಪತ್ರಗಳ ವಾಡಿಕೆಯ ಆಯುಸ್ಸು 90 ದಿನ. ತಾನಾಗಿ ನವೀಕರಿಸುವ ಏರ್ಪಾಡು ಎಂದೋ ಕೆಟ್ಟಿದ್ದರೆ ಅದು ನಮಗೆ ಗೊತ್ತಾಗುವುದು ಅವಧಿ ಮುಗಿದ ಬೆಳಿಗ್ಗೆಯೇ.

ಪರದೆಯಲ್ಲಿ ಸಂಖ್ಯೆಯೊಂದು ಕಂಡರೆ ದೋಷ ಇನ್ನೂ ಒಳಗಿದೆ. 502 ಎಂದರೆ ಮುಂಬಾಗಿಲಿನ ಸರ್ವರಿಗೆ ಒಳಗಿನ ತಂತ್ರಾಂಶದಿಂದ ಸರಿಯಾದ ಉತ್ತರ ದೊರೆಯಲಿಲ್ಲ. 504 ಎಂದರೆ ಸಕಾಲದಲ್ಲಿ ದೊರೆಯಲಿಲ್ಲ. 503 ಎಂದರೆ ಸದ್ಯಕ್ಕೆ ಸೇವೆ ಇಲ್ಲ. 403 ಎಂದರೆ ಪ್ರವೇಶವನ್ನು ಬೇಕೆಂದೇ ನಿರಾಕರಿಸಲಾಗಿದೆ. ವರ್ಡ್‌ಪ್ರೆಸ್ ಬಳಸುವವರಿಗೆ ಚಿರಪರಿಚಿತವಾದ 'ಎರರ್ ಎಸ್ಟಾಬ್ಲಿಷಿಂಗ್ ಎ ಡೇಟಾಬೇಸ್ ಕನೆಕ್ಷನ್' ಎಂಬ ಸಾಲು ಕೊನೆಯ ಕೊಂಡಿಯನ್ನು ಬೆರಳಿಟ್ಟು ತೋರಿಸುತ್ತದೆ. ಡೇಟಾಬೇಸಿನ ಹೆಸರು, ಬಳಕೆದಾರ, ಗುಪ್ತಪದ, ಅದು ಇರುವ ಯಂತ್ರ ಈ ನಾಲ್ಕರಲ್ಲೊಂದು ತಪ್ಪಾಗಿರಬೇಕು. ಅಥವಾ ಡೇಟಾಬೇಸೇ ನಿಂತಿರಬೇಕು. ಯಾರೂ ಏನನ್ನೂ ಬದಲಿಸದೆ ಈ ಸಾಲು ಮೂಡಿದರೆ ಡಿಸ್ಕ್ ತುಂಬಿದೆಯೇ ಎಂದು ಮೊದಲು ನೋಡಬೇಕು. ಚಿಕ್ಕ ಸರ್ವರ್‌ಗಳಲ್ಲಿ ಮೆಮೊರಿ ಸಾಲದಾದಾಗ ಲಿನಕ್ಸ್ ತಾನೇ ಡೇಟಾಬೇಸನ್ನು ನಿಲ್ಲಿಸಿಬಿಡುವುದೂ ಉಂಟು.

ಇನ್ನೊಂದು ಬಗೆಯ ದೋಷ ಬರೆಯುತ್ತಿರುವಾಗಲೇ ಎದುರಾಗುತ್ತದೆ. ವರ್ಡ್‌ಪ್ರೆಸ್ 2013ರ 3.6ನೆಯ ಆವೃತ್ತಿಯಿಂದ 'ಹಾರ್ಟ್‌ಬೀಟ್' ಎಂಬ ಏರ್ಪಾಡನ್ನು ಹೊಂದಿದೆ. ಬ್ರೌಸರ್ ಆಗಾಗ ಸರ್ವರಿಗೆ ಸಣ್ಣ ಕರೆಯೊಂದನ್ನು ಕಳಿಸಿ ಅದರ ನಾಡಿ ನೋಡುತ್ತದೆ. ಉತ್ತರ ಬಾರದಿದ್ದರೆ ಸಂಪರ್ಕ ತಪ್ಪಿದೆ, ಉಳಿಸುವುದನ್ನು ನಿಲ್ಲಿಸಿದ್ದೇನೆ ಎಂದು ತಿಳಿಸುತ್ತದೆ. ಆಗ ನಾವು ಬರೆದುದು ಬ್ರೌಸರಿನ ತಾತ್ಕಾಲಿಕ ನೆನಪಿನಲ್ಲಿ ಮಾತ್ರ ಇರುತ್ತದೆ. ಆ ಟ್ಯಾಬನ್ನು ಮುಚ್ಚಿದರೆ ಅದೂ ಹೋಗಬಹುದು. ಆದ್ದರಿಂದ ಮೊದಲ ಕೆಲಸ ಬರಹವನ್ನು ಪೂರ್ತಿ ನಕಲಿಸಿ ತನ್ನ ಗಣಕದ ಕಡತವೊಂದರಲ್ಲಿ ಇಡುವುದು. ಉಳಿದ ಪರೀಕ್ಷೆಯೆಲ್ಲ ಅದರ ನಂತರ.

ಪರೀಕ್ಷೆಯ ಕ್ರಮ

ಹೊರಗಿನಿಂದ ಒಳಕ್ಕೆ ಹೋಗುವುದು, ಒಮ್ಮೆಗೆ ಒಂದನ್ನೇ ಬದಲಿಸುವುದು, ಬದಲಿಸಿದುದನ್ನು ಬರೆದಿಡುವುದು ಈ ಕೆಲಸದ ಮೂರು ನಿಯಮಗಳು. ಬೇರೆ ತಾಣಗಳು ತೆರೆಯುತ್ತಿವೆಯೇ ನೋಡಿ. ಬಳಿಕ ಫೋನಿನ ವೈ-ಫೈ ಆರಿಸಿ, ಮೊಬೈಲ್ ಜಾಲದಿಂದ ಫಲಕವನ್ನು ತೆರೆಯಿರಿ. ಅಲ್ಲಿ ತೆರೆದರೆ ಸರ್ವರ್ ಆರೋಗ್ಯವಾಗಿದೆ. ತಡೆ ಇರುವುದು ಮನೆಯ ಸಂಪರ್ಕಕ್ಕೆ. ಗುಪ್ತಪದವನ್ನು ಹಲವು ಸಲ ತಪ್ಪಾಗಿ ಬರೆದ ಐಪಿ ವಿಳಾಸವನ್ನು ಭದ್ರತಾ ತಂತ್ರಾಂಶ ಕೆಲಕಾಲ ಹೊರಗಿಡುತ್ತದೆ. ಇಂತಿಂಥ ಐಪಿ ವಿಳಾಸಗಳಿಗೆ ಮಾತ್ರ ಫಲಕ ತೆರೆಯಲಿ ಎಂದು ನಾವೇ ನಿಯಮ ಮಾಡಿದ್ದರೆ, ಇಲ್ಲಿನ ಮನೆಗಳ ಐಪಿ ವಿಳಾಸ ಸಾಮಾನ್ಯವಾಗಿ ಬದಲಾಗುತ್ತಿರುವುದರಿಂದ, ಮೋಡೆಮ್ ಆರಿಸಿ ಹಚ್ಚಿದ ಮೇಲೆ ನಮ್ಮ ಮನೆಯಲ್ಲಿ ನಾವೇ ಅಪರಿಚಿತರಾಗಬಹುದು.

ಮುಂದೆ ಊರಿನಲ್ಲಿರುವ ಒಬ್ಬರನ್ನು ಕೇಳಬೇಕು. ಕನ್ನಡದ ಕೆಲಸದಲ್ಲಿ ಲೇಖಕರು ಮೈಸೂರು, ಧಾರವಾಡಗಳಲ್ಲಿಯೂ ಸರ್ವರ್ ಟೊರೊಂಟೊದಲ್ಲಿಯೂ ಇರುವುದು ಸಾಮಾನ್ಯ. ದಾಳಿಗಳಿಗೆ ಅಂಜಿ ಕೆನಡಾದ ಹೊರಗಿನಿಂದ ಬರುವ ಕರೆಗಳನ್ನೆಲ್ಲ ತಡೆದರೆ, ಹೊರಗುಳಿಯುವವರು ನಮ್ಮ ಲೇಖಕರೇ. ಅವರಿಗೆ ಫಲಕ ನಿಧಾನವೆಂದು ತೋರುವುದು ಮಾತ್ರ ದೋಷವಲ್ಲ. ಎರಡೂ ಕಡೆಗಳ ನಡುವೆ ಸುಮಾರು 13,000 ಕಿ.ಮೀ. ಅಂತರವಿದೆ, ಗಾಜಿನ ತಂತಿಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಸಾಗುತ್ತದೆ. ತಂತಿ ನೇರವಾಗಿಯೇ ಇದ್ದರೂ ಒಂದು ಪ್ರಶ್ನೆ ಹೋಗಿ ಉತ್ತರ ಬರಲು ಸೆಕೆಂಡಿನ ಎಂಟನೆಯ ಒಂದು ಭಾಗವಾದರೂ ಬೇಕು. ಸಮುದ್ರದಡಿಯ ನಿಜವಾದ ಹಾದಿ ಇನ್ನೂ ಉದ್ದ.

ಎಲ್ಲ ಕಡೆಯಿಂದಲೂ ಫಲಕ ತೆರೆಯದಿದ್ದರೆ ಮಾತ್ರ ಸರ್ವರ್ ಒಳಗೆ ಕೈಹಾಕಬೇಕು. ಅಲ್ಲಿಗೆ ಎಸ್‌ಎಸ್‌ಎಚ್ ಮೂಲಕ ಪ್ರವೇಶಿಸಿ ಡಿಸ್ಕ್, ಮೆಮೊರಿ, ದೋಷಗಳ ದಾಖಲೆ ಇವನ್ನು ಓದಬೇಕು. ಮುಂದಿನ ಹೆಜ್ಜೆಗೆ ಮೊದಲು ಡೇಟಾಬೇಸ್ ಮತ್ತು ಚಿತ್ರಗಳ ಪ್ರತಿಯೊಂದನ್ನು ಬೇರೆ ಯಂತ್ರಕ್ಕೆ ಇಳಿಸಿಕೊಳ್ಳಬೇಕು. ಪ್ಲಗಿನ್‌ಗಳ ಮೇಲೆ ಅನುಮಾನವಿದ್ದರೆ ಅವುಗಳ ಫೋಲ್ಡರಿನ ಹೆಸರನ್ನು ಬದಲಿಸಿದರೆ ಸಾಕು, ಅವೆಲ್ಲ ನಿಷ್ಕ್ರಿಯವಾಗುತ್ತವೆ. ಬರಹಗಳು ಡೇಟಾಬೇಸಿನಲ್ಲಿರುವುದರಿಂದ ಅವುಗಳಿಗೆ ಅಪಾಯವಿಲ್ಲ. ಒಂದೇ ಒಂದು ಬರಹ ಉಳಿಯದೆ ಬೇರೆಲ್ಲ ಉಳಿಯುತ್ತಿದ್ದರೆ, ಅದರೊಳಗಿನ ಯಾವುದೋ ಪದಗುಚ್ಛವನ್ನು ಫೈರ್‌ವಾಲ್ ದಾಳಿಯೆಂದು ಭಾವಿಸಿ 403 ಕೊಡುತ್ತಿರಬಹುದು. ಎಲ್ಲವನ್ನೂ ಅಳಿಸಿ ಮತ್ತೆ ಸ್ಥಾಪಿಸುವುದು ಈ ಪಟ್ಟಿಯಲ್ಲಿ ಎಲ್ಲಿಯೂ ಬರುವುದಿಲ್ಲ.

2022ರ ಜುಲೈ 8

ಮೊಬೈಲ್ ಜಾಲದಿಂದ ಪರೀಕ್ಷಿಸಿ ಎಂದೆನಷ್ಟೆ. ಮನೆಯ ಅಂತರಜಾಲವೂ ಮೊಬೈಲೂ ಒಂದೇ ಕಂಪನಿಯದಾಗಿದ್ದರೆ ಈ ಪರೀಕ್ಷೆಗೆ ಪೂರ್ಣ ಬೆಲೆಯಿಲ್ಲ. ಅದನ್ನು ಕೆನಡಾ ದೇಶ ಒಂದು ಶುಕ್ರವಾರ ಕಂಡುಕೊಂಡಿತು. 2022ರ ಜುಲೈ 8ರ ಬೆಳಗಿನ ಜಾವ 4 ಗಂಟೆ 45 ನಿಮಿಷಕ್ಕೆ ಟೊರೊಂಟೊದಲ್ಲಿ ಪ್ರಧಾನ ಕಚೇರಿಯಿರುವ ರಾಜರ್ಸ್ ಕಂಪನಿಯ ಜಾಲ ಕುಸಿಯಿತು. 1 ಕೋಟಿ 20 ಲಕ್ಷಕ್ಕೂ ಹೆಚ್ಚು ಗ್ರಾಹಕರ ಅಂತರಜಾಲ, ದೂರವಾಣಿ, ಮೊಬೈಲ್ ಸೇವೆಗಳಿಗೆ ಪೆಟ್ಟು ಬಿದ್ದಿತು. 911ರ ತುರ್ತು ಕರೆಗಳಿಗೆ ಅಡ್ಡಿಯಾಯಿತು. ಇಂಟರ್ಯಾಕ್ ಜಾಲ ನಿಂತು ಅಂಗಡಿಗಳಲ್ಲಿ ಡೆಬಿಟ್ ಕಾರ್ಡ್ ಪಾವತಿ ಅಸಾಧ್ಯವಾಯಿತು.

ಸಿಆರ್‌ಟಿಸಿ ಎಂಬ ದೂರಸಂಪರ್ಕ ಆಯೋಗಕ್ಕಾಗಿ ಝೋನಾ ಪಾರ್ಟ್‌ನರ್ಸ್ ಸಂಸ್ಥೆ ತಯಾರಿಸಿದ ವರದಿಯ ಸಾರಾಂಶ 2024ರಲ್ಲಿ ಪ್ರಕಟವಾಯಿತು. ಏಳು ಹಂತಗಳ ಮೇಲ್ದರ್ಜೆ ಕಾರ್ಯದ ಆರನೆಯ ಹಂತದಲ್ಲಿ, ವಿತರಣಾ ರೌಟರ್‌ಗಳಲ್ಲಿದ್ದ ಒಂದು ಸೋಸುವ ನಿಯಮವನ್ನು ತೆಗೆದುಹಾಕಲಾಗಿತ್ತು. ಆ ಸೋಸುಕ ಇಲ್ಲದೆ ದಾರಿಗಳ ಮಾಹಿತಿ ಪ್ರವಾಹದಂತೆ ಕೇಂದ್ರ ರೌಟರ್‌ಗಳಿಗೆ ನುಗ್ಗಿತು. ಅವು ತಮ್ಮ ಶಕ್ತಿ ಮೀರಿ ನೆಲಕಚ್ಚಿದವು. ಮೊಬೈಲ್ ಮತ್ತು ತಂತಿ ಸೇವೆಗಳೆರಡಕ್ಕೂ ಕೇಂದ್ರ ಜಾಲ ಒಂದೇ ಆಗಿದ್ದರಿಂದ ಎರಡೂ ಒಟ್ಟಿಗೆ ಬಿದ್ದವು.

ನಮ್ಮ ವಿಷಯಕ್ಕೆ ಮುಖ್ಯವಾದುದು ವರದಿಯ ಮುಂದಿನ ಮಾತು. ರೌಟರ್‌ಗಳನ್ನು ನಿಯಂತ್ರಿಸುವ ನಿರ್ವಹಣಾ ಜಾಲವೂ ಅದೇ ಕೇಂದ್ರ ಜಾಲವನ್ನು ಅವಲಂಬಿಸಿತ್ತು. ಕೇಂದ್ರ ಬಿದ್ದೊಡನೆ ದುರಸ್ತಿ ಮಾಡಬೇಕಾದವರ ಪ್ರವೇಶವೂ ತಪ್ಪಿತು. ದೋಷದ ದಾಖಲೆಗಳನ್ನು ನೋಡಲು ಹಲವು ಗಂಟೆಗಳು ಬೇಕಾದವು. ಸಿಬ್ಬಂದಿಯ ಫೋನುಗಳೂ ತಮ್ಮ ಕಂಪನಿಯವೇ ಆಗಿದ್ದುದರಿಂದ ಪರಸ್ಪರ ಮಾತನಾಡಲು ಬೇರೆ ಕಂಪನಿಗಳ ಸಿಮ್ ಕಾರ್ಡ್‌ಗಳನ್ನು ತರಬೇಕಾಯಿತು. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್ ಸುಮಾರು ಆರು ಗಂಟೆ ಮಾಯವಾದಾಗಲೂ ಹೀಗೆಯೇ ಆಗಿತ್ತು. ದುರಸ್ತಿಗೆ ಬೇಕಾದ ಒಳಗಿನ ಉಪಕರಣಗಳೂ ಕುಸಿದ ಜಾಲದಲ್ಲಿಯೇ ಇದ್ದವು. ನಂತರ ರಾಜರ್ಸ್ ನಿರ್ವಹಣಾ ಜಾಲವನ್ನು ಪ್ರತ್ಯೇಕಿಸಿತು. ಮೊಬೈಲ್ ಮತ್ತು ತಂತಿ ಸೇವೆಗಳ ಕೇಂದ್ರಗಳನ್ನೂ ಬೇರ್ಪಡಿಸುವ ಕೆಲಸಕ್ಕೆ ತೊಡಗಿತು.

ನಮ್ಮ ಅಳತೆಗೆ ಇಳಿಸಿದರೆ

ದೊಡ್ಡ ಕಂಪನಿಗೆ ಅನ್ವಯಿಸಿದ ತತ್ತ್ವ ಒಬ್ಬರೇ ನಡೆಸುವ ತಾಣಕ್ಕೂ ಅನ್ವಯಿಸುತ್ತದೆ: ಕೆಟ್ಟಾಗ ಬಳಸಬೇಕಾದ ದಾರಿ, ಕೆಡಬಹುದಾದ ವಸ್ತುವಿನ ಒಳಗಿರಬಾರದು. ಬ್ಯಾಕಪ್ ತೆಗೆಯುವ ಪ್ಲಗಿನ್ ಅದೇ ಸರ್ವರ್‌ನಲ್ಲಿ ಪ್ರತಿಯನ್ನು ಇಡುತ್ತಿದ್ದರೆ ಅದು ಬ್ಯಾಕಪ್ ಅಲ್ಲ. ಗುಪ್ತಪದ ಮರೆತಾಗ ಪತ್ರ ಬರುವ ಇ-ಮೇಲ್ ವಿಳಾಸ ಅದೇ ಡೊಮೇನಿನದಾಗಿದ್ದರೆ, ಡೊಮೇನ್ ಕೆಟ್ಟ ದಿನ ಆ ಪತ್ರವೂ ಬಾರದು. ಸರ್ವರ್ ಬಾಡಿಗೆಗೆ ಕೊಟ್ಟವರು ಒದಗಿಸುವ ತುರ್ತು ಕನ್ಸೋಲ್ ತಾಣದ ಫಲಕವನ್ನೂ ಎಸ್‌ಎಸ್‌ಎಚ್ಚನ್ನೂ ಅವಲಂಬಿಸಿರುವುದಿಲ್ಲ. ಅದು ಎಲ್ಲಿದೆ, ಹೇಗೆ ತೆರೆಯುತ್ತದೆ ಎಂಬುದನ್ನು ಎಲ್ಲವೂ ಸರಿಯಿರುವ ದಿನವೇ ನೋಡಿಟ್ಟುಕೊಳ್ಳಬೇಕು. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುವುದು ನಮ್ಮ ಹಿರಿಯರಿಗೂ ಗೊತ್ತಿದ್ದ ತಪ್ಪು.

ಇನ್ನೊಂದು ಕೊಂಡಿ ಯಾವ ದೋಷಸಂದೇಶದಲ್ಲಿಯೂ ಕಾಣಿಸುವುದಿಲ್ಲ. ಅದು ನಿರ್ವಾಹಕನೇ. ಡೊಮೇನ್ ಒಬ್ಬರ ಹೆಸರಿನಲ್ಲಿ, ಬಾಡಿಗೆ ಅವರ ಕ್ರೆಡಿಟ್ ಕಾರ್ಡಿನಲ್ಲಿ, ಗುಪ್ತಪದ ಅವರ ನೆನಪಿನಲ್ಲಿ ಇದ್ದರೆ, ಅವರು ಕಾಯಿಲೆ ಬಿದ್ದ ಅಥವಾ ಇಲ್ಲವಾದ ದಿನ ಬರಹಗಳೆಲ್ಲ ಬೀಗ ಹಾಕಿದ ಕೋಣೆಯಲ್ಲಿ ಉಳಿಯುತ್ತವೆ. ಬಾಡಿಗೆ ನಿಂತ ಮೇಲೆ ಕೋಣೆಯೂ ಉಳಿಯುವುದಿಲ್ಲ. ಡೊಮೇನ್ ಎಲ್ಲಿ ನೋಂದಣಿಯಾಗಿದೆ, ಯಾವ ದಿನ ನವೀಕರಿಸಬೇಕು, ಸರ್ವರ್ ಯಾರದು, ಬ್ಯಾಕಪ್ ಎಲ್ಲಿದೆ, ಅದನ್ನು ಮರಳಿ ತುಂಬಿ ಪರೀಕ್ಷಿಸಿ ಎಷ್ಟು ದಿನವಾಯಿತು ಎಂಬ ಐದು ಸಂಗತಿಗಳನ್ನು ಒಂದು ಹಾಳೆಯಲ್ಲಿ ಬರೆದು ಇನ್ನೊಬ್ಬರ ಮನೆಯಲ್ಲಿ ಇಡಬೇಕು. ಆ ಇನ್ನೊಬ್ಬರು ವರ್ಷಕ್ಕೊಮ್ಮೆಯಾದರೂ ಆ ಹಾಳೆಯನ್ನಷ್ಟೇ ಹಿಡಿದು, ನಮ್ಮನ್ನು ಏನೂ ಕೇಳದೆ, ಫಲಕದವರೆಗೆ ತಲುಪಬಲ್ಲರೇ ಎಂದು ನೋಡಬೇಕು. ತಲುಪಲಾಗದಿದ್ದರೆ, ಎಲ್ಲಿ ನಿಂತರೆಂಬುದೇ ಮುಂದೆ ದುರಸ್ತಿಯಾಗಬೇಕಾದ ಕೊಂಡಿ.