ಬಂದೆರಗುವ ಚಳಿ
(ಬಾನುಲಿ ಭಾಷಣ)

ನಮ್ಮ ನಾಡಿನ ಚಳಿಗೆ ಒಂದು ಸೌಜನ್ಯವುಂಟು. ಅದು ಹೇಳಿ ಬರುತ್ತದೆ. ಹಿಂಗಾರಿನ ಮೋಡಗಳು ಸರಿದು ಕಾರ್ತಿಕ ಕಳೆಯುತ್ತ ಬಂದಂತೆ ಇರುಳುಗಳು ಒಂದೊಂದಾಗಿ ತಣ್ಣಗಾಗುತ್ತವೆ. ಮಾರ್ಗಶಿರ, ಪುಷ್ಯಗಳಲ್ಲಿ ಮಾಗಿ ಬಲಿಯುತ್ತದೆ. ಈ ಚಳಿ ಬಹುಮಟ್ಟಿಗೆ ಇಲ್ಲಿಯೇ ಹುಟ್ಟುವಂಥದು. ಹಗಲು ಕಾದ ನೆಲವು ಇರುಳಾದೊಡನೆ ನಿರ್ಮಲವಾದ ಒಣ ಆಕಾಶಕ್ಕೆ ತನ್ನ ಶಾಖವನ್ನು ಬಿಟ್ಟುಕೊಡುತ್ತದೆ. ಬೀದರ, ವಿಜಯಪುರಗಳ ಬಯಲಿನಲ್ಲಿ ಬೆಳಗಿನ ಜಾವ ಮೈ ನಡುಗುವುದಕ್ಕೆ ಮುಖ್ಯ ಕಾರಣ ಇದೇ. ಹೊತ್ತು ಏರಿತೆಂದರೆ ಬಿಸಿಲು ಅದನ್ನು ಕಳೆದುಬಿಡುತ್ತದೆ.

ಇದಕ್ಕಿಂತ ಬೇರೆಯಾದ ಇನ್ನೊಂದು ಬಗೆಯ ಚಳಿಯುಂಟು. ಅದು ಹುಟ್ಟುವುದು ಸಾವಿರಾರು ಮೈಲಿಗಳಾಚೆ. ಎರಗುವುದು ಅದರ ಅರಿವೇ ಇಲ್ಲದ ಊರಿನ ಮೇಲೆ. ಬೆಳಿಗ್ಗೆ ಸೆಕೆ, ಸಂಜೆಗೆ ನೀರು ಗಡ್ಡೆಕಟ್ಟುವಷ್ಟು ಚಳಿ! ಹೀಗೆ ಮುಂದೊತ್ತಿ ಬರುವ ತಣ್ಣನೆಯ ಗಾಳಿಯ ಅಂಚನ್ನು ಹವಾಮಾನಶಾಸ್ತ್ರದಲ್ಲಿ 'ಕೋಲ್ಡ್ ಫ್ರಂಟ್' ಎನ್ನುತ್ತಾರೆ. ನಾವು ಅದನ್ನು ಶೀತಮುಖವೆಂದು ಕರೆಯೋಣ.

ಈ 'ಫ್ರಂಟ್' ಎಂಬ ಮಾತು ಶಾಸ್ತ್ರಕ್ಕೆ ಬಂದದ್ದು ರಣರಂಗದಿಂದ. ಮೊದಲನೆಯ ಮಹಾಯುದ್ಧದಲ್ಲಿ ನಾರ್ವೆ ದೇಶವು ತಟಸ್ಥವಾಗಿತ್ತು. ಆದರೆ ಸುತ್ತಲಿನ ದೇಶಗಳಿಂದ ಬರಬೇಕಾಗಿದ್ದ ಹವಾಮಾನದ ವರದಿಗಳು ನಿಂತುಹೋದವು. ಆಗ ಬೆರ್ಗೆನ್ ನಗರದಲ್ಲಿದ್ದ ವಿಲ್ಹೆಲ್ಮ್ ಬ್ಯರ್ಕ್‌ನೆಸ್ ಎಂಬ ವಿಜ್ಞಾನಿಯೂ ಆತನ ಮಗ ಯಾಕೊಬನೂ ಅವರ ಸಂಗಡಿಗರೂ ತಮ್ಮ ದೇಶದೊಳಗೇ ವೀಕ್ಷಣಾಕೇಂದ್ರಗಳನ್ನು ಒತ್ತೊತ್ತಾಗಿ ಸ್ಥಾಪಿಸಿದರು. ಅವುಗಳಿಂದ ಬಂದ ವರದಿಗಳನ್ನು ನಕ್ಷೆಯ ಮೇಲೆ ಗುರುತಿಸಿದಾಗ ಒಂದು ಸಂಗತಿ ಗೋಚರಿಸಿತು. ಬಿಸಿಗಾಳಿ, ತಣ್ಣನೆಯ ಗಾಳಿಗಳು ಹಾಲುನೀರಿನಂತೆ ಸುಲಭವಾಗಿ ಬೆರೆಯುವುದಿಲ್ಲ; ಎರಡು ಸೇನೆಗಳಂತೆ ಎದುರುಬದುರಾಗಿ ನಿಲ್ಲುತ್ತವೆ; ಅವುಗಳ ನಡುವಣ ಗೆರೆ ಮುಂದಕ್ಕೂ ಹಿಂದಕ್ಕೂ ಸರಿಯುತ್ತದೆ. ಪತ್ರಿಕೆಗಳಲ್ಲಿ ದಿನವೂ ಯುದ್ಧರಂಗದ ನಕ್ಷೆಗಳನ್ನು ನೋಡುತ್ತಿದ್ದ ಕಾಲವದು. ಅಲ್ಲಿನ ಹೆಸರೇ ಇಲ್ಲಿಗೂ ಸಂದಿತು. ನಮ್ಮಲ್ಲಿಯೂ 'ರಣಮುಖ' ಎಂಬ ಮಾತು ಇದೆಯಾದುದರಿಂದ 'ಶೀತಮುಖ' ಎಂಬುದು ಅಷ್ಟೇನೂ ಅಸಹಜವಲ್ಲ.

ತಣ್ಣನೆಯ ಗಾಳಿ ಬಿಸಿಗಾಳಿಗಿಂತ ಭಾರ. ಆದುದರಿಂದ ಅದು ನೆಲವನ್ನು ಹತ್ತಿಕೊಂಡೇ, ಬೆಣೆಯಂತೆ ಬಿಸಿಗಾಳಿಯ ಅಡಿಗೆ ನುಗ್ಗುತ್ತದೆ. ಈ ಬೆಣೆಯ ಇಳಿಜಾರು ಬಹಳ ಕಡಿಮೆ: ಒಂದು ಮೈಲಿ ಎತ್ತರವಾಗಬೇಕಾದರೆ ಅಂಚಿನಿಂದ 50ರಿಂದ 100 ಮೈಲಿಯಷ್ಟು ಹಿಂದೆ ಹೋಗಬೇಕು. ಮೇಲಕ್ಕೆ ಎತ್ತಲ್ಪಟ್ಟ ಬಿಸಿಗಾಳಿ ತಣಿದು ಮೋಡವಾಗುತ್ತದೆ. ಮಳೆಯೋ ಹಿಮವೋ ಸುರಿಯುತ್ತದೆ. ಕೆಲವೊಮ್ಮೆ ಮೇಲಿನ ಪದರ ಬೆಚ್ಚಗಿದ್ದು ನೆಲದ ಬಳಿಯ ಪದರ ಮಾತ್ರ ಸೊನ್ನೆಗಿಂತ ಕೆಳಗಿರುತ್ತದೆ. ಆಗ ನೀರಾಗಿಯೇ ಬಿದ್ದ ಹನಿ ಮುಟ್ಟಿದ ಕಡೆ ಗಾಜಿನಂತೆ ಹೆಪ್ಪುಗಟ್ಟುತ್ತದೆ. ರಸ್ತೆ, ತಂತಿ, ಮರದ ಕೊಂಬೆ ಯಾವುದನ್ನೂ ಅದು ಬಿಡುವುದಿಲ್ಲ. 2021ರ ಫೆಬ್ರವರಿ 11ರಂದು ಟೆಕ್ಸಾಸಿನ ಫೋರ್ಟ್‌ವರ್ತ್‌ನಲ್ಲಿ ಇಂಥ ರಸ್ತೆಯ ಮೇಲೆ 130ಕ್ಕೂ ಹೆಚ್ಚು ವಾಹನಗಳು ಒಂದಕ್ಕೊಂದು ಢಿಕ್ಕಿ ಹೊಡೆದು ಆರು ಮಂದಿ ಪ್ರಾಣ ಕಳೆದುಕೊಂಡರು.

ಶೀತಮುಖದ ದಾಳಿಗೆ ಉತ್ತರ ಅಮೆರಿಕದ ನಡುಬಯಲು ಹೇಳಿ ಮಾಡಿಸಿದ ಜಾಗ. ಅಲ್ಲಿನ ರಾಕಿ ಪರ್ವತಶ್ರೇಣಿ ಉತ್ತರದಿಂದ ದಕ್ಷಿಣಕ್ಕೆ ಚಾಚಿದೆ. ಪೂರ್ವ ಪಶ್ಚಿಮವಾಗಿ ಅಡ್ಡ ನಿಲ್ಲುವ ಬೆಟ್ಟವಿಲ್ಲ. ಕೆನಡಾದ ಹಿಮ ಕವಿದ ನೆಲದ ಮೇಲೆ, ದೀರ್ಘವಾದ ಇರುಳುಗಳಲ್ಲಿ ಕೂಡಿಬಿದ್ದ ಶೀತವಾಯು ಒಮ್ಮೆ ಹೊರಟಿತೆಂದರೆ ಮೆಕ್ಸಿಕೋ ಕೊಲ್ಲಿಯವರೆಗೆ ತಡೆಯುವವರಿಲ್ಲ. ನಮ್ಮ ದೇಶದ ಸ್ಥಿತಿ ಇದಕ್ಕೆ ವಿರುದ್ಧ. ಕಾಳಿದಾಸನು ಕುಮಾರಸಂಭವವನ್ನು ಹಿಮಾಲಯದ ವರ್ಣನೆಯಿಂದ ಆರಂಭಿಸಿದ್ದಾನೆ. ಆ ಗಿರಿರಾಜನ ಉಪಕಾರಗಳಲ್ಲಿ ಇದೂ ಒಂದು: ಸೈಬೀರಿಯಾದ ಗಾಳಿ ನೇರವಾಗಿ ನಮ್ಮ ಬಯಲಿಗೆ ಇಳಿಯದಂತೆ ಆತ ಅಡ್ಡಗೋಡೆಯಾಗಿ ನಿಂತಿದ್ದಾನೆ.

ಟೆಕ್ಸಾಸಿನ ಜನ ಉತ್ತರದಿಂದ ಬರುವ ಈ ಗಾಳಿಯನ್ನು 'ನಾರ್ದರ್' ಎನ್ನುತ್ತಾರೆ. ದಿಗಂತದಲ್ಲಿ ಕಡುನೀಲಿ ಮೋಡ ಕಟ್ಟಿಕೊಂಡು ಬಂದರೆ 'ಬ್ಲೂ ನಾರ್ದರ್', ಅಂದರೆ ನೀಲಿ ಬಡಗಣಗಾಳಿ. 1911ರ ನವೆಂಬರ್ 11ರಂದು ಒಕ್ಲಹೋಮ ನಗರದಲ್ಲಿ ಹಗಲು 28 ಡಿಗ್ರಿ ಸೆಲ್ಸಿಯಸ್ ಇದ್ದ ಉಷ್ಣತೆ ಅದೇ ದಿನ ನಡುರಾತ್ರಿಯೊಳಗೆ ಸೊನ್ನೆಗಿಂತ 8 ಡಿಗ್ರಿ ಕೆಳಕ್ಕೆ ಇಳಿಯಿತು. ಅದಕ್ಕೂ ಹಿಂದೆ, 1888ರ ಜನವರಿ 12ರಂದು ಡಕೋಟ, ನೆಬ್ರಾಸ್ಕಗಳ ಬಯಲಿನಲ್ಲಿ ನಡೆದದ್ದು ಇನ್ನೂ ದಾರುಣ. ಕೊರೆಯುವ ಚಳಿಯ ದಿನಗಳ ನಂತರ ಅಂದು ಬೆಳಿಗ್ಗೆ ಹಿತವಾಗಿತ್ತು. ಮಕ್ಕಳಲ್ಲಿ ಎಷ್ಟೋ ಮಂದಿ ದಪ್ಪನೆಯ ಕೋಟಿಲ್ಲದೆ ಶಾಲೆಗೆ ಹೋದರು. ಶೀತಮುಖ ಹಿಮದ ಧೂಳನ್ನೆಬ್ಬಿಸಿಕೊಂಡು ಬಂದಾಗ ಎದುರಿಗಿದ್ದ ಕೈ ಕಾಣಿಸಲಿಲ್ಲ. ಮನೆಗೆ ಹೊರಟವರು ದಾರಿ ತಪ್ಪಿದರು. ಸತ್ತವರು ಸುಮಾರು 235 ಎಂದು ಹೇಳಲಾಗುತ್ತದೆ. 'ಶಾಲಾಮಕ್ಕಳ ಹಿಮಗಾಳಿ' ಎಂದೇ ಚರಿತ್ರೆ ಆ ದಿನವನ್ನು ನೆನೆಯುತ್ತದೆ.

1888ರವರಿಗೆ ಮುನ್ಸೂಚನೆ ತಲುಪಲಿಲ್ಲವೆನ್ನಬಹುದು. ಆದರೆ 2021ರ ಫೆಬ್ರವರಿಯ ಚಳಿಯನ್ನು ಹವಾಮಾನಶಾಸ್ತ್ರಜ್ಞರು ದಿನಗಳ ಮೊದಲೇ ಕಂಡಿದ್ದರು. ಟೆಕ್ಸಾಸಿನ 254 ಕೌಂಟಿಗಳಿಗೂ ಎಚ್ಚರಿಕೆ ಹೋಗಿತ್ತು. ಫೆಬ್ರವರಿ 16ರಂದು ಡಲಾಸಿನಲ್ಲಿ ಉಷ್ಣತೆ ಸೊನ್ನೆಗಿಂತ 19 ಡಿಗ್ರಿ ಕೆಳಗಿತ್ತು. ಕೆನಡಾದ ವಿನಿಪೆಗ್‌ನಲ್ಲಿ ಜನವರಿಯ ಇರುಳಿಗೆ ಇದು ಸಾಮಾನ್ಯ. ಜನ ಮಾರನೆಯ ಬೆಳಿಗ್ಗೆ ಎಂದಿನಂತೆ ಕೆಲಸಕ್ಕೆ ಹೋಗುತ್ತಾರೆ. ಟೆಕ್ಸಾಸಿನಲ್ಲಿ ಮಾತ್ರ ಮನೆಗಳನ್ನು ಕಟ್ಟಿದ್ದು ಬೇಸಗೆಯನ್ನು ಮನಸ್ಸಿನಲ್ಲಿಟ್ಟುಕೊಂಡು. ನೈಸರ್ಗಿಕ ಅನಿಲದ ಬಾವಿಗಳೂ ಕೊಳವೆಗಳೂ ಹೆಪ್ಪುಗಟ್ಟಿದವು. ಅನಿಲವಿಲ್ಲದೆ ವಿದ್ಯುತ್ತಿಲ್ಲ, ವಿದ್ಯುತ್ತಿಲ್ಲದೆ ಅನಿಲವನ್ನು ಒತ್ತಿ ಕಳಿಸುವ ಯಂತ್ರಗಳು ನಡೆಯವು. ನೆರೆಯ ರಾಜ್ಯಗಳ ಜಾಲಗಳಿಂದ ಬಹುಮಟ್ಟಿಗೆ ಬೇರೆಯಾಗಿ ಉಳಿದಿದ್ದ ಆ ರಾಜ್ಯದ ವಿದ್ಯುಜ್ಜಾಲಕ್ಕೆ ಹೊರಗಿನಿಂದ ಸಾಕಷ್ಟು ನೆರವು ಬರುವಂತಿರಲಿಲ್ಲ. ಫೆಬ್ರವರಿ 15ರ ನಸುಕಿನಲ್ಲಿ ಇಡೀ ಜಾಲವೇ ಕುಸಿಯುವುದಕ್ಕೆ ಐದು ನಿಮಿಷವೂ ಉಳಿದಿರಲಿಲ್ಲ. 45 ಲಕ್ಷಕ್ಕೂ ಹೆಚ್ಚು ಮನೆ, ಅಂಗಡಿಗಳು ಕತ್ತಲಾದವು. ಸರ್ಕಾರದ ಲೆಕ್ಕದಂತೆ 246 ಮಂದಿ ಸತ್ತರು: ಹೆಚ್ಚಿನವರು ಚಳಿಯಿಂದ, ಕೆಲವರು ಬೆಚ್ಚಗಾಗಲೆಂದು ಮುಚ್ಚಿದ ಜಾಗದಲ್ಲಿ ಕಾರನ್ನೋ ಜನರೇಟರನ್ನೋ ನಡೆಸಿ, ಅದರ ವಿಷಾನಿಲದಿಂದ. ಡಲಾಸ್, ಆಸ್ಟಿನ್, ಹ್ಯೂಸ್ಟನ್‌ಗಳಲ್ಲಿ ನಮ್ಮ ಕಡೆಯ ಮಕ್ಕಳೂ ಇದ್ದಾರೆ. ಆ ವಾರ ಇಲ್ಲಿನ ಎಷ್ಟೋ ತಂದೆತಾಯಿಗಳಿಗೆ ಶೀತಮುಖವೆಂಬುದು ಪರದೇಶದ ಸುದ್ದಿಯಾಗಿ ಉಳಿದಿರಲಿಲ್ಲ.

ವ್ಯಥೆಯ ಸಂಗತಿಯೆಂದರೆ, ಹತ್ತು ವರ್ಷಗಳ ಹಿಂದೆ, 2011ರ ಫೆಬ್ರವರಿಯಲ್ಲಿ, ಅಲ್ಲಿಯೇ ಇಂಥದೇ ಚಳಿಯಿಂದ ವಿದ್ಯುತ್ ಹೋಗಿತ್ತು. ಯಂತ್ರಗಳಿಗೂ ಕೊಳವೆಗಳಿಗೂ ಚಳಿಯಿಂದ ರಕ್ಷಣೆ ಕೊಡಬೇಕೆಂದು ಕೇಂದ್ರಸರ್ಕಾರದ ಸಂಸ್ಥೆಗಳು ವರದಿ ಬರೆದಿದ್ದವು. ವರದಿ ಬಂದಿತು; ಆದರೆ ಅದರಂತೆ ನಡೆಯುವುದು ಕಡ್ಡಾಯವಾಗಿರಲಿಲ್ಲ. ಕಡ್ಡಾಯ ಮಾಡುವ ಕಾನೂನು ಬಂದದ್ದು 2021ರ ಸಾವುಗಳ ನಂತರ.

ಹೀಗೆ ನೋಡಿದರೆ ಉಷ್ಣಮಾಪಕದ ಅಂಕಿಯೊಂದರಿಂದಲೇ ಚಳಿಯ ಕ್ರೌರ್ಯವನ್ನು ಅಳೆಯಲಾಗದು. ಅದೇ 19 ಡಿಗ್ರಿ ಒಂದು ಊರಿನಲ್ಲಿ ದಿನಚರಿ, ಇನ್ನೊಂದರಲ್ಲಿ ದುರಂತ. ನಡುವಣ ಅಂತರ ಗೋಡೆಯ ದಪ್ಪದ್ದು, ಕೊಳವೆಯ ಹೊದಿಕೆಯದು, ಒಂದು ವರದಿಯನ್ನು ಓದಿ ಅದರಂತೆ ನಡೆಯುವ ಆಡಳಿತದ್ದು. ಶೀತಮುಖವನ್ನು ತಡೆಯುವ ಶಕ್ತಿ ಮನುಷ್ಯನಿಗಿಲ್ಲ. ಹಿಮಾಲಯವನ್ನು ಎಲ್ಲರ ಬಡಗಣ ಗಡಿಗೂ ತಂದಿಡಲಾಗುವುದಿಲ್ಲ. ಅದು ಬರುವ ದಿನವನ್ನು ಇಂದು ಮೊದಲೇ ತಿಳಿಯಬಲ್ಲೆವು. ತಿಳಿದ ಮೇಲೆ ಮಾಡಬೇಕಾದ ಕೆಲಸ ಮಾತ್ರ ನಮ್ಮದೇ.