ಜಾಲತಾಣವೂ ಶೋಧಯಂತ್ರವೂ

ಬೆಂಗಳೂರಿನಿಂದ ಮೈಸೂರಿಗೆ ಪ್ರಯಾಣ ಮಾಡುವವರು ಮದ್ದೂರಿನಲ್ಲಿ ಕ್ಷಣಕಾಲ ನಿಂತು, ವಡೆಯನ್ನು ಸವಿದು ಮುಂದುವರಿಯುವುದು ಬಹುಕಾಲದಿಂದ ನಡೆದುಬಂದ ರೂಢಿ. ಹೆದ್ದಾರಿಯು ಊರೊಳಗೇ ಹಾದುಹೋಗುತ್ತಿದ್ದ ದಿನಗಳಲ್ಲಿ ಹೋಟೆಲಿನ ಒಡೆಯನಿಗೆ ರಸ್ತೆಯಂಚಿನ ನಾಮಫಲಕವೊಂದಿದ್ದರೆ ಸಾಕಾಗಿತ್ತು. 2023ರ ಮಾರ್ಚ್ 12ರಂದು ಬೆಂಗಳೂರು–ಮೈಸೂರು ನೂತನ ಹೆದ್ದಾರಿಯು ಲೋಕಾರ್ಪಣೆಗೊಂಡ ತರುವಾಯ ಈ ಸ್ಥಿತಿ ಬದಲಾಯಿತು. ವಾಹನಗಳ ಬಹುಭಾಗವು ಮದ್ದೂರು, ಮಂಡ್ಯಗಳ ಪೇಟೆಯನ್ನು ಮುಟ್ಟದೆಯೇ ಸಾಗತೊಡಗಿತು. ಹಳೆಯ ರಸ್ತೆಯ ಇಕ್ಕೆಲದ ವ್ಯಾಪಾರಿಗಳ ಅಳಲು ಪತ್ರಿಕೆಗಳಲ್ಲಿ ವರದಿಯಾಯಿತು. ಇಂದಿನ ಪ್ರಯಾಣಿಕನು ಹೆದ್ದಾರಿಯಿಂದ ಇಳಿಯಬೇಕೇ ಬೇಡವೇ ಎಂಬುದನ್ನು ಫಲಕ ನೋಡಿ ನಿಶ್ಚಯಿಸುವುದು ಅಪರೂಪ. ಕೈಯಲ್ಲಿರುವ ಮೊಬೈಲಿನಲ್ಲಿ ಹುಡುಕಿ ನಿಶ್ಚಯಿಸುತ್ತಾನೆ. ಅಲ್ಲಿ ಕಾಣಿಸದ ಅಂಗಡಿ ಎಷ್ಟೇ ಹಳೆಯದಾಗಿರಲಿ, ಅದರ ತಿನಿಸು ಎಷ್ಟೇ ರುಚಿಕರವಾಗಿರಲಿ, ಅವನ ಪಾಲಿಗೆ ಅದು ಇಲ್ಲವೆಂದೇ ಅರ್ಥ.

ಈ ಮಾತು ವಡೆಯ ಅಂಗಡಿಗೆ ಮಾತ್ರ ಸಲ್ಲುವುದಲ್ಲ. ಬೆಲ್ಲವನ್ನು ನೇರವಾಗಿ ಗ್ರಾಹಕರಿಗೆ ಮಾರಬಯಸುವ ಆಲೆಮನೆಯ ರೈತನಿಗೂ, ದೂರದೇಶಗಳಲ್ಲಿ ನೆಲೆಸಿರುವ ಹಳೆಯ ವಿದ್ಯಾರ್ಥಿಗಳನ್ನು ಕೂಡಿಸಬಯಸುವ ಶಾಲೆಗೂ, ಗ್ರಾಮದ ಗ್ರಂಥಾಲಯಕ್ಕೂ ಇದು ಸಮಾನವಾಗಿ ಅನ್ವಯಿಸುತ್ತದೆ. ಜಾಲತಾಣವೊಂದನ್ನು ಕಟ್ಟಿಸಿದ ಮಾತ್ರಕ್ಕೆ ಕಾರ್ಯ ಮುಗಿಯಲಿಲ್ಲ. ಅದು ಹುಡುಕುವವರ ಕಣ್ಣಿಗೆ ಬೀಳಬೇಕು. ಅದಕ್ಕಾಗಿ ಅನುಸರಿಸಬೇಕಾದ ಕ್ರಮಗಳನ್ನು ‘ಸರ್ಚ್ ಎಂಜಿನ್ ಆಪ್ಟಿಮೈಸೇಶನ್’ ಎಂದು ಕರೆಯುವುದು ವಾಡಿಕೆ. ಹೆಸರು ಹೊಸದಾದರೂ ಅದರ ತಿರುಳು ಗ್ರಂಥ ಸಂಪಾದನೆಯನ್ನು ಬಲ್ಲವರಿಗೆ ಅಪರಿಚಿತವಲ್ಲ.

ಶೋಧಯಂತ್ರವು ಮುಖ್ಯವಾಗಿ ಮೂರು ಕಾರ್ಯಗಳನ್ನು ಮಾಡುತ್ತದೆ. ಪುಟದಿಂದ ಪುಟಕ್ಕೆ ಇರುವ ಕೊಂಡಿಗಳನ್ನು ಹಿಡಿದು ಸಂಚರಿಸುತ್ತ ಅಲ್ಲಿರುವುದನ್ನು ಓದುವುದು ಮೊದಲನೆಯದು. ಓದಿದುದನ್ನು ಶಬ್ದಸೂಚಿಯ ರೂಪದಲ್ಲಿ ಸಂಗ್ರಹಿಸಿಡುವುದು ಎರಡನೆಯದು. ಯಾರಾದರೂ ಪ್ರಶ್ನೆ ಕೇಳಿದಾಗ ಸೂಚಿಯನ್ನು ನೋಡಿ, ಹೆಚ್ಚು ಉಪಯುಕ್ತವೆಂದು ತೋರುವ ಪುಟಗಳನ್ನು ಕ್ರಮವಾಗಿ ಮುಂದಿಡುವುದು ಮೂರನೆಯದು. 1998ರಲ್ಲಿ ಲ್ಯಾರಿ ಪೇಜ್ ಮತ್ತು ಸರ್ಗೇ ಬ್ರಿನ್ ಎಂಬ ತರುಣರು ಗೂಗಲ್ ಸಂಸ್ಥೆಯನ್ನು ಸ್ಥಾಪಿಸಿದಾಗ, ಬೇರೆ ತಾಣಗಳು ಯಾವ ಪುಟದತ್ತ ಕೊಂಡಿ ನೀಡಿವೆಯೋ ಆ ಪುಟಕ್ಕೆ ಹೆಚ್ಚಿನ ತೂಕವಿರಬೇಕೆಂಬ ತತ್ತ್ವವನ್ನು ಮುಖ್ಯವಾಗಿ ಆಶ್ರಯಿಸಿದರು. ವ್ಯಾಖ್ಯಾನಕಾರರು ಮತ್ತೆ ಮತ್ತೆ ಉದಾಹರಿಸುವ ಗ್ರಂಥಕ್ಕೆ ವಿದ್ವದ್ವಲಯದಲ್ಲಿ ಪ್ರಾಮಾಣ್ಯ ದೊರೆಯುವುದೂ ಇದೇ ನ್ಯಾಯದಿಂದಲೇ ಅಲ್ಲವೆ?

ಹೀಗಿರುವಲ್ಲಿ, ಜಾಲತಾಣದ ಒಡೆಯರು ಮೊಟ್ಟಮೊದಲು ಲಕ್ಷ್ಯ ಕೊಡಬೇಕಾದುದು ಅಕ್ಷರಕ್ಕೆ. ಕನ್ನಡದ ಎಷ್ಟೋ ಬರಹಗಳು ಹಳೆಯ ಅಕ್ಷರಶೈಲಿಗಳಲ್ಲಿ ಬೆರಳಚ್ಚಾಗಿವೆ. ಅವು ಪರದೆಯ ಮೇಲೆ ಕನ್ನಡದಂತೆ ಕಂಡರೂ ಗಣಕಯಂತ್ರದ ಒಳಗೆ ರೋಮನ್ ಅಕ್ಷರಗಳ ಮತ್ತು ಚಿಹ್ನೆಗಳ ಅರ್ಥಹೀನ ಸಾಲುಗಳಾಗಿಯೇ ಇರುತ್ತವೆ. ಕನ್ನಡವೆಂಬುದು ಅಲ್ಲಿ ಕೇವಲ ವೇಷ. ಶೋಧಯಂತ್ರವು ವೇಷವನ್ನು ನೋಡಲಾರದು, ಒಳಗಿನ ಸಂಕೇತವನ್ನು ಮಾತ್ರ ಓದುತ್ತದೆ. 1991ರಲ್ಲಿ ಪ್ರಕಟವಾದ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿಯೇ ಕನ್ನಡದ ಅಕ್ಷರಗಳಿಗೆ ಪ್ರತ್ಯೇಕ ಸ್ಥಾನ ದೊರೆತಿದೆ. ನುಡಿ, ಬರಹ ಮೊದಲಾದ ತಂತ್ರಾಂಶಗಳಲ್ಲಿ ಇಂದು ಯೂನಿಕೋಡಿನಲ್ಲಿಯೇ ಬರೆಯಬಹುದು. ಹಳೆಯ ಕಡತಗಳನ್ನು ಮಾರ್ಪಡಿಸುವ ಪರಿವರ್ತಕಗಳೂ ಉಂಟು. ಪರಿವರ್ತನೆಯಾದ ಬಳಿಕ ಒತ್ತಕ್ಷರ, ಅರ್ಕಾವತ್ತುಗಳನ್ನು ಬಲ್ಲವರೊಬ್ಬರು ಓದಿ ತಿದ್ದಬೇಕಾದುದು ಅವಶ್ಯ.

ಕರಪತ್ರದ ಛಾಯಾಚಿತ್ರವನ್ನೇ ಪುಟವೆಂದು ಏರಿಸುವುದು ಮತ್ತೊಂದು ಸಾಮಾನ್ಯ ದೋಷ. ಚಿತ್ರದೊಳಗಿನ ಅಕ್ಷರಗಳನ್ನು ಯಂತ್ರವು ಗುರುತಿಸಬಹುದಾದರೂ ಅದನ್ನು ನಂಬಿ ಕುಳಿತುಕೊಳ್ಳುವಂತಿಲ್ಲ. ವಿಳಾಸ, ಬೆಲೆ, ವೇಳೆ, ವಿವರಣೆ ಇವೆಲ್ಲವೂ ಅಕ್ಷರರೂಪದಲ್ಲಿರಬೇಕು. ಪ್ರತಿ ಚಿತ್ರಕ್ಕೂ ಅದು ಏನೆಂಬುದನ್ನು ತಿಳಿಸುವ ಒಂದು ಸಾಲಿನ ವಿವರವನ್ನು ಜೋಡಿಸಬೇಕು. ಕಣ್ಣು ಕಾಣದವರು ಓದುಯಂತ್ರದ ಮೂಲಕ ಜಾಲತಾಣವನ್ನು ಬಳಸುವಾಗ ಆ ಸಾಲೇ ಅವರಿಗೆ ಆಸರೆ. ಸರ್ಕಾರವು ಹದಿನೈದು ಸಂಪುಟಗಳಲ್ಲಿ ಪ್ರಕಟಿಸಿದ ವಚನ ಸಾಹಿತ್ಯವು ಗ್ರಂಥಭಂಡಾರಗಳಲ್ಲಿ ಇದ್ದೇ ಇತ್ತು. ಆದರೆ ‘ವಚನ ಸಂಚಯ’ ಎಂಬ ಜಾಲತಾಣವು ವಚನಗಳನ್ನು ಯೂನಿಕೋಡಿನಲ್ಲಿ ಹುಡುಕಲು ಬರುವಂತೆ ಅಣಿಗೊಳಿಸಿದ ಮೇಲೆ, ಒಂದು ಶಬ್ದವನ್ನು ಹಿಡಿದು ವಚನವನ್ನು ತಲಪುವುದು ಸಾಮಾನ್ಯ ಓದುಗನಿಗೂ ಸುಲಭಸಾಧ್ಯವಾಯಿತು. ಇದ್ದ ಸಂಪತ್ತು ಅದೇ. ಅದರ ಬಾಗಿಲು ಮಾತ್ರ ತೆರೆಯಿತು.

ಎರಡನೆಯದಾಗಿ ಗಮನಿಸಬೇಕಾದುದು ಹುಡುಕುವವರ ಮಾತು. ಬರೆಯುವವರು ತಮಗೆ ಪ್ರಿಯವಾದ ಪದವನ್ನು ಬಳಸುತ್ತಾರೆ. ಹುಡುಕುವವರು ತಮಗೆ ತಿಳಿದ ಪದವನ್ನು ಬಳಸುತ್ತಾರೆ. ಪುಟದ ತುಂಬ ‘ಪರಿಶುದ್ಧ ಇಕ್ಷುಜನ್ಯ ಉತ್ಪನ್ನ’ ಎಂದು ಬರೆದರೆ ಅದು ಬೆಲ್ಲ ಬೇಕಾದವನಿಗೆ ದೊರೆಯುವುದು ಹೇಗೆ? ಅಚ್ಚುಬೆಲ್ಲ, ಉಂಡೆಬೆಲ್ಲ, ಪುಡಿಬೆಲ್ಲ ಎಂದು ಜನರು ಆಡುವಂತೆಯೇ ಬರೆಯಬೇಕು. ‘ಮಂಡ್ಯದಲ್ಲಿ ರಾಸಾಯನಿಕ ಬೆರೆಸದ ಬೆಲ್ಲ ಎಲ್ಲಿ ಸಿಗುತ್ತದೆ?’ ಎಂಬುದು ಜನರು ಕೇಳುವ ಪ್ರಶ್ನೆಯಾದರೆ, ಆ ಪ್ರಶ್ನೆಯನ್ನೇ ಉಪಶೀರ್ಷಿಕೆಯನ್ನಾಗಿಸಿ ಕೆಳಗೆ ನೇರವಾದ ಉತ್ತರವನ್ನು ಕೊಡುವುದು ಲೇಸು. ಪ್ರಜಾವಾಣಿಯ ‘ಇಗೋ ಕನ್ನಡ’ ಅಂಕಣದಲ್ಲಿ ಪ್ರೊ. ಜಿ. ವೆಂಕಟಸುಬ್ಬಯ್ಯನವರು ಅನುಸರಿಸಿದ್ದೂ ಇದೇ ಮಾರ್ಗವನ್ನು. ಓದುಗರು ಕೇಳಿದ ಪದಕ್ಕೆ ಓದುಗರಿಗೆ ತಿಳಿಯುವ ಮಾತಿನಲ್ಲಿ ಉತ್ತರವಿತ್ತರು.

ಕನ್ನಡದ ವ್ಯಾಕರಣವೂ ಇಲ್ಲಿ ಪ್ರಸ್ತುತವಾಗುತ್ತದೆ. ‘ಮದ್ದೂರು’ ಎಂಬ ಪ್ರಕೃತಿಯು ವಿಭಕ್ತಿ ಪ್ರತ್ಯಯ ಸೇರಿದಾಗ ಮದ್ದೂರಿನ, ಮದ್ದೂರಿಗೆ, ಮದ್ದೂರಿನಲ್ಲಿ ಎಂದು ರೂಪಾಂತರ ಹೊಂದುತ್ತದೆ. ಇಂತಹ ರೂಪಗಳ ಸಂಬಂಧವನ್ನು ಯಂತ್ರವು ಎಲ್ಲೆಡೆಯೂ ತಪ್ಪದೆ ಗ್ರಹಿಸುತ್ತದೆಂಬ ಭರವಸೆಯಿಲ್ಲ. ಆದಕಾರಣ ಶೀರ್ಷಿಕೆಯಲ್ಲಾದರೂ, ಮೊದಲ ವಾಕ್ಯದಲ್ಲಾದರೂ ಹೆಸರಿನ ಮೂಲರೂಪವು ಒಮ್ಮೆ ಬರುವಂತೆ ನೋಡಿಕೊಳ್ಳುವುದು ಕ್ಷೇಮ. ‘ಮದ್ದೂರು ವಡೆ’ ಎಂದು ಕೆಲವರೂ ‘ಮದ್ದೂರ್ ವಡಾ’ ಎಂದು ಹಲವರೂ ಬರೆಯುತ್ತಾರೆ. ಶಿವನಸಮುದ್ರವು ಹಳೆಯ ಆಂಗ್ಲ ಬರಹಗಳಲ್ಲಿ ‘ಶಿವಸಮುದ್ರಂ’ ಆಗಿದೆ. ಇಂತಹ ಪಾಠಾಂತರಗಳನ್ನು ಒಂದು ಸಹಜವಾದ ವಾಕ್ಯದಲ್ಲಿ ಸೂಚಿಸಿದರೆ ಎಲ್ಲರಿಗೂ ಅನುಕೂಲ. ಅನ್ಯಭಾಷಿಕರೂ ಬರಬೇಕೆಂದಿದ್ದರೆ ಕನ್ನಡ ಪುಟದ ಜೊತೆಗೆ ಪ್ರತ್ಯೇಕವಾದ ಇಂಗ್ಲಿಷ್ ಪುಟವನ್ನೂ ಇಟ್ಟು, ಒಂದರಿಂದ ಇನ್ನೊಂದಕ್ಕೆ ಕೊಂಡಿ ನೀಡಬೇಕು.

ಒಂದೇ ಹೆಸರಿನ ಊರುಗಳು ಹಲವಿರುವುದು ಇನ್ನೊಂದು ತೊಡಕು. ‘ಮಳವಳ್ಳಿ ಶಾಸನ’ ಎಂದು ಹುಡುಕಿದವರಿಗೆ ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನ ಮಳವಳ್ಳಿಯ ಪ್ರಾಕೃತ ಸ್ತಂಭಶಾಸನವು ಎದುರಾಗುವುದು ಸಹಜ; ಅದಕ್ಕೂ ಗಗನಚುಕ್ಕಿಯ ತಾಲ್ಲೂಕಾದ ಮಳವಳ್ಳಿಗೂ ಸಂಬಂಧವಿಲ್ಲ. ಹೆಜ್ಜಾರ್ಲೆಗಳಿಗೆ ಆಶ್ರಯವಿತ್ತ ಕೊಕ್ಕರೆ ಬೆಳ್ಳೂರು ಮದ್ದೂರು ತಾಲ್ಲೂಕಿನದು, ಬಿ. ಎಂ. ಶ್ರೀಯವರ ಹೆಸರಿನಲ್ಲಿರುವ ಬೆಳ್ಳೂರು ನಾಗಮಂಗಲ ತಾಲ್ಲೂಕಿನದು. ಹಾಸನ ಜಿಲ್ಲೆಯ ಬೇಲೂರು ಬೇರೆಯೇ. ರೋಮನ್ ಲಿಪಿಯಲ್ಲಿ ಇವು ಇನ್ನಷ್ಟು ಹತ್ತಿರ ಬಂದು ಗೊಂದಲವನ್ನುಂಟುಮಾಡುತ್ತವೆ. ಆದ್ದರಿಂದ ಊರು, ತಾಲ್ಲೂಕು, ಜಿಲ್ಲೆಗಳನ್ನು ಪೂರ್ಣವಾಗಿ ನಮೂದಿಸುವುದು ಅನಿವಾರ್ಯ.

ಮೂರನೆಯದು ಪುಟದ ರಚನೆ. ವಚನದ ಅಂಕಿತವನ್ನು ಕಂಡೊಡನೆ ಅದು ಯಾರದೆಂದು ತಿಳಿಯುವಂತೆ, ಶೀರ್ಷಿಕೆಯನ್ನು ಕಂಡೊಡನೆ ಪುಟವು ಯಾವುದರದೆಂದು ತಿಳಿಯಬೇಕು. ಪುಟಗಳೆಲ್ಲಕ್ಕೂ ‘ಮುಖಪುಟ’, ‘ಸ್ವಾಗತ’ ಎಂದೇ ಹೆಸರಿಟ್ಟರೆ ಅವು ಅಂಕಿತವಿಲ್ಲದ ವಚನಗಳಂತಾಗುತ್ತವೆ. ಒಂದು ವಿಷಯಕ್ಕೆ ಒಂದು ಪುಟ, ಆ ಪುಟಕ್ಕೆ ಅದರದೇ ಶೀರ್ಷಿಕೆ, ಶೀರ್ಷಿಕೆಯ ಕೆಳಗೆ ಎರಡು ವಾಕ್ಯಗಳ ಸಾರಾಂಶ, ಬಳಿಕ ಉಪಶೀರ್ಷಿಕೆಗಳು: ಇದು ಸರಿಯಾದ ಕ್ರಮ. ಶಾಲೆಯ ತಾಣವಾದರೆ ಪ್ರವೇಶ, ವಿದ್ಯಾರ್ಥಿನಿಲಯ, ದತ್ತಿನಿಧಿ, ಹಳೆಯ ವಿದ್ಯಾರ್ಥಿಗಳ ಸಂಘ, ಸಂಪರ್ಕ ಇವುಗಳಿಗೆ ಬೇರೆ ಬೇರೆ ಪುಟಗಳಿರತಕ್ಕದ್ದು. ದಾನಿಯೊಬ್ಬರು ಸಂಸ್ಥೆಯ ಹೆಸರನ್ನು ಹುಡುಕಿದಾಗ ಸಂಸ್ಥೆಯ ಅಧಿಕೃತ ಪುಟವೇ ಮೊದಲು ದೊರೆಯುವಂತಿರಬೇಕು. ಇಲ್ಲವಾದರೆ ಆ ತೆರವನ್ನು ವಂಚಕರು ತುಂಬುವ ಅಪಾಯವುಂಟು.

ನಾಲ್ಕನೆಯದು ಸ್ಥಳದ ವಿವರ. ಅಂಗಡಿ, ಶಾಲೆ, ವಸತಿಗೃಹ ಮೊದಲಾದವುಗಳ ಒಡೆಯರು ಗೂಗಲ್ ಬಿಸಿನೆಸ್ ಪ್ರೊಫೈಲ್ ಎಂಬ ವ್ಯವಸ್ಥೆಯಲ್ಲಿ ತಮ್ಮ ಹೆಸರನ್ನು ಶುಲ್ಕವಿಲ್ಲದೆ ನೋಂದಾಯಿಸಿ ದೃಢೀಕರಿಸಿಕೊಳ್ಳಬಹುದು. ನಕಾಶೆಯಲ್ಲಿ ಸ್ಥಾನ ಸರಿಯಾಗಿರಬೇಕು. ತೆರೆಯುವ ಮತ್ತು ಮುಚ್ಚುವ ವೇಳೆ ನಿಜವಾಗಿರಬೇಕು. ಹೆಸರು, ವಿಳಾಸ, ದೂರವಾಣಿ ಸಂಖ್ಯೆಗಳು ಎಲ್ಲ ಕಡೆಯೂ ಒಂದೇ ರೀತಿಯಾಗಿರಬೇಕು. ಹೆದ್ದಾರಿಯಿಂದ ಯಾವ ತಿರುವಿನಲ್ಲಿ ಇಳಿದು ಹೇಗೆ ಬರಬೇಕೆಂಬುದನ್ನು ತಾಣದಲ್ಲಿ ಬರೆದರೆ ಮದ್ದೂರಿನ ಹಳೆಯ ರಸ್ತೆಯ ಅಂಗಡಿಗೆ ಅದಕ್ಕಿಂತ ಹೆಚ್ಚಿನ ಉಪಕಾರ ಬೇರಿಲ್ಲ. ಪುಟವು ಮೊಬೈಲಿನಲ್ಲಿ ಬೇಗ ತೆರೆದು ಸ್ಪಷ್ಟವಾಗಿ ಕಾಣಬೇಕಾದುದೂ ಮುಖ್ಯ. ತಾಣಗಳ ಮೊಬೈಲ್ ರೂಪವನ್ನೇ ಮೊದಲು ಓದುವ ಪದ್ಧತಿಯನ್ನು 2016ರಲ್ಲಿ ಘೋಷಿಸಿದ ಗೂಗಲ್, ಅದನ್ನು 2023ರಲ್ಲಿ ಪೂರ್ಣಗೊಳಿಸಿತು. ಭಾರವಾದ ಚಿತ್ರಗಳನ್ನು ಹಗುರಗೊಳಿಸುವುದು ಇದಕ್ಕೆ ಸುಲಭೋಪಾಯ.

ಇನ್ನು ವರ್ಜಿಸತಕ್ಕ ಸಂಗತಿಗಳು. ತಾಣವನ್ನು ಮೊದಲ ಸ್ಥಾನಕ್ಕೆ ತಂದೇ ತರುವೆವೆಂದು ಭರವಸೆ ಕೊಟ್ಟು ಹಣ ಕೇಳುವವರು ಉಂಟು. ಅಂತಹ ಭರವಸೆಯನ್ನು ಯಾರೂ ಕೊಡಲಾರರು. ಒಂದೇ ಪದವನ್ನು ನೂರು ಸಲ ತುರುಕುವುದು, ಹಿನ್ನೆಲೆಯ ಬಣ್ಣದಲ್ಲಿಯೇ ಅಕ್ಷರಗಳನ್ನು ಅಡಗಿಸುವುದು, ಕೊಂಡಿಗಳನ್ನು ಹಣಕ್ಕೆ ಕೊಳ್ಳುವುದು, ಸುಳ್ಳು ಪ್ರಶಂಸೆಗಳನ್ನು ಬರೆಸುವುದು ಇವೆಲ್ಲವೂ ದಂಡನೆಗೆ ಗುರಿಯಾಗುವ ಕೃತ್ಯಗಳು. ಪುಟದ ಮರೆಯಲ್ಲಿ ಪದಗಳ ಪಟ್ಟಿಯನ್ನಿಡುವ ಹಳೆಯ ಉಪಾಯವನ್ನು ಶ್ರೇಣೀಕರಣಕ್ಕೆ ಪರಿಗಣಿಸುವುದಿಲ್ಲವೆಂದು ಗೂಗಲ್ 2009ರಲ್ಲಿಯೇ ತಿಳಿಸಿತು. ಸಾರವಿಲ್ಲದ ಪುಟಗಳನ್ನು 2011ರ ಮಾರ್ಪಾಡೂ ಕೃತಕ ಕೊಂಡಿಗಳನ್ನು 2012ರ ಮಾರ್ಪಾಡೂ ಹಿಂದಕ್ಕೆ ತಳ್ಳಿದವು. ಸಹಜವಾದ ಕೊಂಡಿಗಳನ್ನು ಗಳಿಸುವ ಮಾರ್ಗ ಬೇರೆ: ಇತರರು ಉಲ್ಲೇಖಿಸಲು ಯೋಗ್ಯವಾದುದನ್ನು ಬರೆಯುವುದು.

ತಾಣವು ಸಿದ್ಧವಾದ ಮೇಲೆ ಸರ್ಚ್ ಕನ್ಸೋಲ್ ಎಂಬ ಉಚಿತ ಸಾಧನದಲ್ಲಿ ಅದನ್ನು ನೋಂದಾಯಿಸಿ, ಪುಟಗಳ ಪಟ್ಟಿಯಾದ ಸೈಟ್‌ಮ್ಯಾಪನ್ನು ಒಪ್ಪಿಸಬೇಕು. ಜನರು ಯಾವ ಪದಗಳಿಂದ ಹುಡುಕಿ ಬಂದರು, ಯಾವ ಪುಟಗಳು ಸೂಚಿಯಲ್ಲಿ ಸೇರಲಿಲ್ಲ ಎಂಬುದನ್ನು ಅದು ತೋರಿಸುತ್ತದೆ. ತಾಣವನ್ನು ಕಟ್ಟುವಾಗ ಶೋಧಯಂತ್ರಕ್ಕೆ ಹಾಕಿದ ತಡೆಯನ್ನು ತೆಗೆಯಲು ಮರೆತು ವರ್ಷಗಟ್ಟಲೆ ಅಜ್ಞಾತವಾಸ ಅನುಭವಿಸುವ ತಾಣಗಳೂ ಉಂಟು. ಅದನ್ನು ಮೊದಲೇ ಪರೀಕ್ಷಿಸಬೇಕು. ಪುಟದ ವಿಳಾಸ ಬದಲಾದರೆ ಹಳೆಯ ವಿಳಾಸಕ್ಕೆ ಬಂದವರನ್ನು ಹೊಸದಕ್ಕೆ ಕಳುಹಿಸುವ ಏರ್ಪಾಡು ಬೇಕು. ಫಲವು ಮರುದಿನವೇ ಕಾಣುವುದಿಲ್ಲ. ಕೆಲವು ವಾರಗಳು, ಕೆಲವೊಮ್ಮೆ ತಿಂಗಳುಗಳು ಹಿಡಿಯುತ್ತವೆ. ಕಬ್ಬು ನೆಟ್ಟವನಿಗೆ ಈ ತಾಳ್ಮೆಯನ್ನು ಯಾರೂ ಕಲಿಸಬೇಕಾಗಿಲ್ಲ.

ಕೃತಕ ಬುದ್ಧಿಮತ್ತೆಯು ಸಿದ್ಧಪಡಿಸಿದ ಸಾರಾಂಶವನ್ನು ಫಲಿತಾಂಶಗಳ ಮೇಲ್ಗಡೆ ತೋರಿಸುವ ಪದ್ಧತಿ 2024ರಲ್ಲಿ ಭಾರತಕ್ಕೂ ಬಂದಿದೆ. ಇದರಿಂದ ಬರೆಯುವ ಅಗತ್ಯ ಕಡಿಮೆಯಾಯಿತೆಂದು ಭಾವಿಸುವುದು ತಪ್ಪು. ಯಂತ್ರವು ಸಾರವನ್ನು ತೆಗೆಯಬೇಕಾದರೂ ಮೊದಲು ಯಾರಾದರೂ ಬರೆದಿರಬೇಕು. ಮಂಡ್ಯದ ಆಲೆಮನೆಯಲ್ಲಿ ಪಾಕದ ಹದವನ್ನು ಹೇಗೆ ನೋಡುತ್ತಾರೆ, 1938ರ ಶಿವಪುರದ ಧ್ವಜ ಸತ್ಯಾಗ್ರಹವನ್ನು ಕಂಡವರು ಮನೆಮಂದಿಗೆ ಏನು ಹೇಳಿದರು, ಗಗನಚುಕ್ಕಿಯ ಸುತ್ತಣ ಹಳ್ಳಿಗಳಲ್ಲಿ ಯಾವ ಮಾತು ಬಳಕೆಯಲ್ಲಿದೆ ಎಂಬುದನ್ನು ಸ್ಥಳದವರು ಬರೆಯದಿದ್ದರೆ ದೂರದವರು ಊಹಿಸಿ ಬರೆಯುತ್ತಾರೆ. ಮುಂದಿನ ತಲೆಮಾರು ಆ ಊಹೆಯನ್ನೇ ಪ್ರಮಾಣವೆಂದು ಓದುತ್ತದೆ.

ಈ ಕಾರ್ಯಕ್ಕೆ ಶಾಲೆಗಿಂತ ತಕ್ಕ ನೆಲೆ ಮತ್ತೊಂದಿಲ್ಲ. ಅಧ್ಯಾಪಕರ ಮಾರ್ಗದರ್ಶನದಲ್ಲಿ ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಊರಿನ ಬಗ್ಗೆ ಒಂದೇ ಒಂದು ಪುಟವನ್ನು, ಯೂನಿಕೋಡಿನ ಕನ್ನಡದಲ್ಲಿ, ತಕ್ಕ ಶೀರ್ಷಿಕೆಯೊಡನೆ, ಹಿರಿಯರನ್ನು ಕೇಳಿ ಖಚಿತಪಡಿಸಿಕೊಂಡು ಬರೆಯಲಿ. ಹಳೆಯ ವಿದ್ಯಾರ್ಥಿಗಳು ತಾಂತ್ರಿಕ ನೆರವನ್ನೂ ದಾನಿಗಳು ತಾಣದ ವಾರ್ಷಿಕ ವೆಚ್ಚವನ್ನೂ ವಹಿಸಿಕೊಳ್ಳಲಿ. ಎಲ್ಲಿಯೋ ಕುಳಿತು ತನ್ನ ಹಳ್ಳಿಯ ಹೆಸರನ್ನು ಹುಡುಕುವ ಮಗುವಿಗೆ ಸತ್ಯವಾದ ಉತ್ತರವೊಂದು ಕನ್ನಡದಲ್ಲಿ ದೊರೆತರೆ, ಆ ಶ್ರಮವೆಲ್ಲವೂ ಸಾರ್ಥಕ.